ಟಿಪ್ಪುವಿನ ಬಂದೂಕಿನ ಮೇಲೆ ಏನು ಬರೆದಿತ್ತು?

ಆಯುಧಪೂಜೆಯ ದಿನ ವರ್ಕ್‌ಶಾಪಿನ ಕಡೆ ಬಂದವರು ನೋಡಿರ್ತೀರಿ. ಲೇತ್ ಮೆಷಿನ್ನಿಗೆ ಸೇವಂತಿಗೆ ಮಾಲೆ, ವೈಸಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಕುಂಬಳಕಾಯಿ. ಈ ಸಲ ಪೂಜೆ ಮುಗಿದ ಮೇಲೆ ಅವಲಕ್ಕಿ ತಿನ್ನುತ್ತಾ ಸಂಘದ ನಾವು ನಾಲ್ಕು ಜನ ಕೂತಿದ್ದೆವು. ಒಬ್ಬ ಕಾಪುವಿನವ, ಒಬ್ಬಳು ಕಾರ್ಕಳದವಳು, ಉಳಿದಿಬ್ಬರು ಉಡುಪಿ. ಮಲ್ಪೆ ಬಂದರಿನಲ್ಲಿ ದೇವರ ಹೆಸರಿಲ್ಲದ ಬೋಟು ಹುಡುಕಿದರೂ ಸಿಗುವುದು ಕಷ್ಟ ಅಂತ ಕಾಪುವಿನವ ಮಾತು ತೆಗೆದ. ಬೋಟು ಅವರದ್ದು, ದೇವರೂ ಅವರವರದ್ದು, ಅದನ್ನು ಕೇಳುವವರು ಯಾರು? ಆದರೆ ಸರ್ಕಾರ ದುಡ್ಡು ಕೊಟ್ಟು ತಂದ ಬಂದೂಕಿನ ಮೇಲೆ ದೇವರ ಹೆಸರು ಇದ್ದರೆ?

ಹಾಗೆ ಆದದ್ದು ಉಂಟು. ಅಮೆರಿಕದ ಟ್ರಿಜಿಕಾನ್ ಎಂಬ ಕಂಪನಿ ಸೈನ್ಯಕ್ಕೆ ಮಾರುತ್ತಿದ್ದ ಗುರಿ ಹಿಡಿಯುವ ದುರ್ಬೀನುಗಳ ಮೇಲೆ, ನಂಬರಿನ ಬಾಲಕ್ಕೆ ಅಂಟಿಸಿ, ಬೈಬಲ್ಲಿನ ಅಧ್ಯಾಯ ಮತ್ತು ವಚನದ ಸಂಖ್ಯೆಯನ್ನು ಸಣ್ಣದಾಗಿ ಅಚ್ಚು ಹಾಕುತ್ತಿತ್ತು. ಇರಾಕ್, ಅಫ್ಘಾನಿಸ್ತಾನಗಳಿಗೆ ಆ ಬಂದೂಕು ಹೋಯಿತು. 2010ರ ಜನವರಿಯಲ್ಲಿ ಸುದ್ದಿ ಹೊರಬಿದ್ದು ಗಲಾಟೆಯಾದ ಮೇಲೆ ಕಂಪನಿ ಅಚ್ಚು ನಿಲ್ಲಿಸಿತು, ಇದ್ದದ್ದನ್ನು ತೆಗೆಯುವ ಸಾಮಾನನ್ನೂ ಕೊಡಲು ಒಪ್ಪಿತು. ನಮ್ಮಲ್ಲಿ 2019ರ ವಿಜಯದಶಮಿಗೆ ರಕ್ಷಣಾ ಸಚಿವರು ಫ್ರಾನ್ಸಿನಲ್ಲೇ ರಫೇಲ್ ವಿಮಾನದ ಮೇಲೆ ಓಂ ಬರೆದು, ಚಕ್ರದಡಿ ನಿಂಬೆಹಣ್ಣು ಇಟ್ಟದ್ದು ಎಲ್ಲರೂ ಟಿವಿಯಲ್ಲಿ ಕಂಡದ್ದೇ. ಇದು ಸರಿಯಾ ತಪ್ಪಾ ಅಂತ ಕೇಳಿದರೆ ನಾವು ನಾಲ್ವರು ಎರಡು ಪಕ್ಷ ಆದೆವು. ಜಗಳ ಬಿಡಿಸುವುದಕ್ಕೆ ಅಂತ ಒಬ್ಬಳು ಟಿಪ್ಪು ಸುಲ್ತಾನನನ್ನು ತಂದಳು. ಉಡುಪಿ ಜಿಲ್ಲೆಯಲ್ಲಿ ಜಗಳ ಬಿಡಿಸಲಿಕ್ಕೆ ಟಿಪ್ಪುವನ್ನು ಕರೆಯುವುದು ಅಂದರೆ ಎಂತ ಬುದ್ಧಿ ನೋಡಿ! ಆದರೂ ಅವಳು ಹೇಳಿದ್ದರಲ್ಲಿ ವಿಷಯ ಇತ್ತು. ಹಾಗಾಗಿ ಈ ಸಂಚಿಕೆಗೆ ಅವನ ಜೀವನವನ್ನೇ, ಬಂದೂಕಿನ ಕಡೆಯಿಂದ ನೋಡಿ, ಬರೀತಿದ್ದೇವೆ. ಹುಲಿ, ನರಿ ಅಂತ ಅವನ ಬಾಯಿಗೆ ಹಾಕುವ ಆ ಪ್ರಸಿದ್ಧ ಮಾತು ಇದರಲ್ಲಿ ಇಲ್ಲ, ಮೊದಲೇ ಹೇಳಿಬಿಡ್ತೇವೆ.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಹೆಸರು ಬಂದದ್ದು ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತರಿಂದ. ಆಗ ತಂದೆ ಹೈದರ್ ಅಲಿ ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೆ ಬರುತ್ತಿದ್ದ ಸಿಪಾಯಿ. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದ. ಘಟ್ಟದ ಕೆಳಗಿನ ನಮ್ಮ ಊರುಗಳೂ ಆಗ ಬಿದನೂರಿನವೇ. ಮಲ್ಪೆಯ ಎದುರಿನ ದ್ವೀಪದಲ್ಲಿರುವ ದರಿಯಾ ಬಹದ್ದೂರ್‌ಗಡವನ್ನು ಕಟ್ಟಿಸಿದ್ದು ಬಿದನೂರಿನ ಬಸಪ್ಪ ನಾಯಕರು. ಬಿದನೂರಿನ ಜೊತೆಗೆ ಈ ಕರಾವಳಿಯೂ ಹೈದರನ ಕೈಗೆ ಬಂತು, ಅಲ್ಲಿನ ಟಂಕಸಾಲೆಯೂ ಬಂತು.

ಟಂಕಸಾಲೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಗೆದ್ದವನು ಹೈದರ್, ಮುಸಲ್ಮಾನ. ಅವನು ಹೊರಡಿಸಿದ ಚಿನ್ನದ ವರಹದ ಒಂದು ಮುಖದಲ್ಲಿ ಇಕ್ಕೇರಿಯ ಕಾಲದಿಂದ ಇದ್ದ ಶಿವಪಾರ್ವತಿಯರು ಹಾಗೇ ಉಳಿದರು. ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನು ಮಾತ್ರ ಹಾಕಿಸಿದ. ವ್ಯಾಪಾರಿಗೆ ಪರಿಚಯದ ನಾಣ್ಯ ಬೇಕು, ಹೈದರನಿಗೆ ವ್ಯಾಪಾರಿ ಬೇಕು. ಅಷ್ಟೇ ಲೆಕ್ಕ. ಮಗ ಪಟ್ಟಕ್ಕೆ ಬಂದ ಮೇಲೆ ಶಿವಪಾರ್ವತಿಯರು ನಾಣ್ಯದಿಂದ ಇಳಿದರು, ತಂದೆಯ ಅಕ್ಷರ ಉಳಿಯಿತು.

ಟಿಪ್ಪುವಿನ ಯುದ್ಧ ಜೀವನ ಹದಿನೇಳರ ವಯಸ್ಸಿಗೇ ಶುರುವಾಯಿತು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ತಂದೆ ಮಗ ಸೇರಿ ಕರ್ನಲ್ ಬೇಲಿಯ ಪಡೆಯನ್ನು ಮುಗಿಸಿದರು. ಕಬ್ಬಿಣದ ಕೊಳವೆಯ ರಾಕೆಟ್ಟುಗಳ ಕಥೆ ಅಲ್ಲಿಂದಲೇ ಪ್ರಸಿದ್ಧಿ. ಅದನ್ನು ನಮ್ಮ ಓದುಗರಿಗೆ ಮತ್ತೆ ಹೇಳುವುದು ಬೇಡ, ಪ್ರತಿ ಟೆಕ್‌ಫೆಸ್ಟಿನ ಪೋಸ್ಟರಿನಲ್ಲೂ ಇರ್ತದೆ. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲೇ, ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟು ಸಿಕ್ಕಿದವು ಅಂತ ಮಾತ್ರ ಸೇರಿಸ್ತೇವೆ. ಮಣಿಪಾಲದಿಂದ ಬೆಳಿಗ್ಗೆ ಹೊರಟರೆ ಆ ಕೋಟೆ ನೋಡಿ ಸಂಜೆಗೆ ಬರಬಹುದು.

1782ರ ಡಿಸೆಂಬರ್ 7ಕ್ಕೆ ಹೈದರ್ ಚಿತ್ತೂರಿನ ಹತ್ತಿರ ಯುದ್ಧದ ಬಿಡಾರದಲ್ಲೇ ತೀರಿಹೋದ. ಮುಂದಿನ ವರ್ಷ ಇಂಗ್ಲಿಷರು ಬಿದನೂರು, ಮಂಗಳೂರು ಎರಡನ್ನೂ ಹಿಡಿದಿದ್ದರು. ಟಿಪ್ಪು ಬಿದನೂರನ್ನು ಬೇಗ ವಾಪಸು ಪಡೆದ. ಮಂಗಳೂರಿನ ಕೋಟೆಗೆ ಮಾತ್ರ 1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಮುತ್ತಿಗೆ ಹಾಕಿ ಕೂರಬೇಕಾಯಿತು. ಒಂದು ಪೂರ್ತಿ ಮಳೆಗಾಲ. ಕೊನೆಗೆ ಒಳಗಿದ್ದವರು ಹಸಿವಿನಿಂದ ಶರಣಾದರು, ಮಾರ್ಚಿನಲ್ಲಿ ಮಂಗಳೂರು ಒಪ್ಪಂದ ಆಯಿತು.

ಈಗ ಬಂದೂಕಿಗೆ ಬರುವಾ. ಟಿಪ್ಪು ತನ್ನ ಸರ್ಕಾರಕ್ಕೆ ಇಟ್ಟ ಹೆಸರು ಸರ್ಕಾರ್-ಎ-ಖುದಾದಾದ್, ಅಂದರೆ ದೇವರು ಕೊಟ್ಟ ಸರ್ಕಾರ. ಸರ್ಕಾರದ ಹೆಸರಿನಲ್ಲೇ ದೇವರು ಇರುವಾಗ ಸರ್ಕಾರಿ ಸಾಮಾನಿನಲ್ಲಿ ಇಲ್ಲದೆ ಇರ್ತದಾ? ಶ್ರೀರಂಗಪಟ್ಟಣದಲ್ಲಿ ಎರಕವಾದ ಫಿರಂಗಿಗಳ ಬಾಯಿ ಹುಲಿಯ ಬಾಯಿ. ಬಂದೂಕಿನ ಕುದುರೆಯೂ ಹುಲಿತಲೆ, ಕತ್ತಿಯ ಹಿಡಿಯೂ ಹುಲಿತಲೆ. ಉಕ್ಕಿನ ಮೇಲೆ ಹುಲಿಪಟ್ಟೆ, ಸೈನಿಕರ ಅಂಗಿಯ ಮೇಲೂ ಅದೇ ಪಟ್ಟೆ. ಅಷ್ಟಮಿಗೆ ರಥಬೀದಿಯಲ್ಲಿ ಹುಲಿವೇಷ ನೋಡಿ ಬೆಳೆದ ನಮಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಆದರೆ ನಳಿಗೆಯ ಮೇಲಿನ ಹುಲಿಮುಖವನ್ನು ಹತ್ತಿರದಿಂದ ನೋಡಿದರೆ ಅದು ಚಿತ್ರ ಅಲ್ಲ, ಅಕ್ಷರ. ಅಸದುಲ್ಲಾ ಅಲ್ ಗಾಲಿಬ್ ಎಂಬ ಅರಬ್ಬಿ ಪದಗಳನ್ನು ಕನ್ನಡಿಯ ಬಿಂಬದಂತೆ ಎರಡೂ ಕಡೆಯಿಂದ ಹೆಣೆದು ಕಣ್ಣು, ಮೂಗು, ಮೀಸೆ ಮಾಡಿದ್ದಾರೆ. ದೇವರ ಸಿಂಹವೇ ಗೆಲ್ಲುವುದು ಅಂತ ಅರ್ಥ. ದೇವರ ಸಿಂಹ ಅಂದರೆ ಪ್ರವಾದಿಯವರ ಅಳಿಯ ಅಲಿ. ಹೈದರ್ ಎಂಬ ಪದಕ್ಕೂ ಸಿಂಹ ಅಂತಲೇ ಅರ್ಥ, ಅದೂ ಅಲಿಯದೇ ಹೆಸರು. ಒಂದೇ ಅಚ್ಚಿನಲ್ಲಿ ದೇವರು, ಅಲಿ, ಅಪ್ಪ, ಹುಲಿ ಎಲ್ಲ ಬಂದರು. ವಿನ್ಯಾಸ ಅಂತ ನೋಡಿದರೆ ಇಷ್ಟು ಅಚ್ಚುಕಟ್ಟಾದ ಲೋಗೋವನ್ನು ನಾವಂತೂ ಬೇರೆ ಕಂಡಿಲ್ಲ. ಇಸವಿ ಕೂಡ ಬೇರೆ. ಹಿಜರಿ ಬಿಟ್ಟು ಮೌಲೂದಿ ಎಂಬ ತನ್ನದೇ ಶಕ ಶುರುಮಾಡಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಾಣ್ಯಗಳ ಹೆಸರೂ ಅಹ್ಮದಿ, ಸಿದ್ದೀಕಿ, ಫಾರೂಕಿ ಅಂತ ಪ್ರವಾದಿ ಮತ್ತು ಖಲೀಫರ ಮೇಲಿನವು.

ಇದನ್ನು ಹಿಡಿದವರು ಯಾರು? ಮೈಸೂರಿನ ಸೈನ್ಯದಲ್ಲಿ ಎಲ್ಲ ಜಾತಿಯವರೂ ಇದ್ದರು. ಖಜಾನೆ ನೋಡುತ್ತಿದ್ದ ಪೂರ್ಣಯ್ಯ ಮಾಧ್ವ ಬ್ರಾಹ್ಮಣರು, ನಮ್ಮ ಅಷ್ಟಮಠಗಳ ಹಾಗೆ ಮಧ್ವ ಸಂಪ್ರದಾಯಕ್ಕೇ ಸೇರಿದವರು. ಫಿರಂಗಿಗೆ ಹೋದ ಹಣ ಅವರ ಲೆಕ್ಕದ ಕಟ್ಟಿನಿಂದಲೇ ದಾಟಿರಬೇಕು. ಅರಬ್ಬಿ ಓದಲು ಬರುವವರು ಎಷ್ಟು ಜನ ಇದ್ದಾರು? ಓದಲು ಬಾರದವನಿಗೆ ಅದು ಹುಲಿ. ಚಾಮುಂಡಿಯ ವಾಹನ ಅಂದುಕೊಂಡರೂ ಯಾರೂ ತಡೆಯುವಂತಿರಲಿಲ್ಲ. ಹುಲಿಯ ಗುರುತು ಹಿಂದೂ ಪ್ರಜೆಗೂ ಮುಸಲ್ಮಾನ ಪ್ರಜೆಗೂ ಒಟ್ಟಿಗೆ ತಾಗುವಂಥದ್ದು ಅಂತ ಟಿಪ್ಪುವಿನ ರಾಜತ್ವದ ಮೇಲೆ ಪುಸ್ತಕ ಬರೆದ ಕೇಟ್ ಬ್ರಿಟಲ್‌ಬ್ಯಾಂಕ್ ವಾದಿಸಿದ್ದಾರೆ. ನಮ್ಮಲ್ಲಿ ಮೂವರಿಗೆ ಆ ವಾದ ಹಿಡಿಸಿತು.

ನಾಲ್ಕನೆಯವಳು ಕಾರ್ಕಳದವಳು. ಅವಳ ಮನೆಯಿಂದ ಅತ್ತೂರು ಇಗರ್ಜಿ ದೂರ ಅಲ್ಲ. ಜನವರಿಯ ಸಾಂತ್‌ಮಾರಿಗೆ ನಾವೆಲ್ಲ ಹೋಗಿ ಮೊಂಬತ್ತಿ ಹಚ್ಚಿ ಬಂದವರೇ, ಜಾತಿ ಮತ ಯಾರೂ ಕೇಳುವುದಿಲ್ಲ. ಆದರೆ ಅತ್ತೂರಿನ ಕಥೆಯಲ್ಲಿ 1784 ಎಂಬ ಇಸವಿ ಬೇರೆ ರೀತಿ ಬರ್ತದೆ. ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರು ಎಂಬ ಸಿಟ್ಟಿನಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿಸಿ, ಇಗರ್ಜಿಗಳನ್ನು ಕೆಡವಿಸಿ, ಹತ್ತಾರು ಸಾವಿರ ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅತ್ತೂರಿನ ಹಳೇ ಇಗರ್ಜಿ ಹೋದದ್ದೂ ಆಗಲೇ. ದಾರಿಯಲ್ಲಿ ಸತ್ತವರು ಎಷ್ಟೋ ಜನ. ಉಳಿದವರು ಹದಿನೈದು ವರ್ಷ ಸೆರೆ. ತರುಣರನ್ನು ಬಲವಂತದಿಂದ ಮತಾಂತರಿಸಿ ಸೈನ್ಯಕ್ಕೆ ಸೇರಿಸಿದರು. ಹೀಗೆ ಸೆರೆಯಾಳುಗಳಿಂದ ಕಟ್ಟಿದ ದಳಗಳಿಗೆ ಅಹ್ಮದಿ, ಅಸದ್ ಇಲಾಹಿ ಅಂತ ಹೆಸರು. ಅಸದ್ ಇಲಾಹಿ ಅಂದರೆ ಮತ್ತೆ ಅದೇ, ದೇವರ ಸಿಂಹ.

ಅವಳು ಕೇಳಿದ್ದು ಇಷ್ಟು: ಘಟ್ಟದ ಕೆಳಗಿನ ಒಬ್ಬ ಹುಡುಗನ ಕೈಗೆ ಆ ಬಂದೂಕು ಬಂದಿದ್ದರೆ ಅವನಿಗೂ ಅದು ಬರೀ ಹುಲಿಯಾ? ಅಕ್ಷರ ಓದಲು ಬರುವುದಿಲ್ಲ ಸರಿ, ಆದರೆ ಅದು ಏನು ಹೇಳ್ತದೆ ಅಂತ ಅವನಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಅವನ ಹೆಸರನ್ನೇ ಬದಲಿಸಿಯಾಗಿತ್ತಲ್ಲ.

ಇದಕ್ಕೆ ನಾವು ಮೂವರ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹುಲಿ ಎಲ್ಲರದ್ದೂ ಅಂತ ಹೇಳುವುದು ಹುಲಿ ಹಿಡಿಯದೆ ಉಳಿದವರಿಗೆ ಸುಲಭ.

ಹಾಗಂತ ಟಿಪ್ಪುವನ್ನು ಅಲ್ಲಿಗೆ ಮುಗಿಸಲಿಕ್ಕೂ ಆಗುವುದಿಲ್ಲ, ಯಾಕಂದ್ರೆ ಘಟ್ಟದ ಮೇಲೆ ಶೃಂಗೇರಿ ಉಂಟು. 1791ರಲ್ಲಿ ಮೂರನೇ ಮೈಸೂರು ಯುದ್ಧ ನಡೆಯುವಾಗ ಪರಶುರಾಮ ಭಾವುವಿನ ಮರಾಠಾ ಸೈನ್ಯದ ಕುದುರೆ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದರು, ಶಾರದೆಯ ಮೂರ್ತಿಯನ್ನೂ ಕಿತ್ತರು. ದಾಳಿ ಮಾಡಿದವರು ಹಿಂದೂಗಳು. ಮರುಪ್ರತಿಷ್ಠೆಗೆ ನೆರವು ಕಳಿಸಿದ್ದು ಟಿಪ್ಪು. ಅಷ್ಟೇ ಅಲ್ಲ, ಶತ್ರುಗಳ ನಾಶಕ್ಕಾಗಿ, ತನ್ನ ಗೆಲುವಿಗಾಗಿ ಸಹಸ್ರಚಂಡೀ ಜಪ ಮಾಡಿಸಬೇಕು, ಖರ್ಚು ಸರ್ಕಾರದ್ದು ಅಂತ ಸ್ವಾಮಿಗಳಿಗೆ ಕನ್ನಡದಲ್ಲೇ ಬರೆಸಿದ. ಆ ಕಾಗದಗಳು ಮಠದಲ್ಲೇ ಇದ್ದವು, 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಕಂಡುಹಿಡಿದು ಬೆಳಕಿಗೆ ತಂದರು. ಅಂದರೆ ಫಿರಂಗಿಯ ಮೇಲೆ ಅಲಿ, ಫಿರಂಗಿಯ ಹಿಂದೆ ಚಂಡಿ, ಎರಡಕ್ಕೂ ಒಂದೇ ಖಜಾನೆ. ಇದು ಭಕ್ತಿಯೋ ರಾಜಕಾರಣವೋ ಅಂತ ಗೆರೆ ಎಳೆಯಲು ನಮಗೆ ಧೈರ್ಯ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಾವು ಎಷ್ಟು ದೇವರಿಗೆ ಹರಕೆ ಹೊರುತ್ತೇವೆ ಅಂತ ಯೋಚಿಸಿದರೆ ಸ್ವಲ್ಪ ಅರ್ಥ ಆಗ್ತದೆ, ಪೂರ್ತಿ ಅಲ್ಲ.

ಜಪ ನಡೆದರೂ ಯುದ್ಧ ಸೋತಿತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಅದು ತೀರುವ ತನಕ ಇಬ್ಬರು ಚಿಕ್ಕ ಮಕ್ಕಳು ಇಂಗ್ಲಿಷರ ಒತ್ತೆ. ಕರಾವಳಿ ಟಿಪ್ಪುವಿನ ಹತ್ತಿರವೇ ಉಳಿಯಿತು. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಜಮಾಲಾಬಾದ್ ಕೋಟೆ ಕಟ್ಟಿಸಿದ್ದು ಆಮೇಲೆ. 1796ರಲ್ಲಿ ನಮ್ಮ ಕಡಲಿಗೆ ಒಂದು ದೊಡ್ಡ ನೌಕಾಪಡೆ ಕಟ್ಟುವ ಆಜ್ಞೆಯನ್ನೂ ಹೊರಡಿಸಿದ. ಅದು ನೀರಿಗೆ ಇಳಿಯುವಷ್ಟು ಸಮಯ ಸಿಗಲಿಲ್ಲ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಗೋಡೆ ಒಡೆದು ಕಂಪನಿಯ ಸೈನ್ಯ ಒಳನುಗ್ಗಿತು. ಟಿಪ್ಪು ಕೋಟೆಯ ಬಾಗಿಲ ಹತ್ತಿರ ಸಿಪಾಯಿಗಳ ನಡುವೆ ಹೋರಾಡುತ್ತಾ ಸತ್ತ, ರಾತ್ರಿ ಹೆಣಗಳ ರಾಶಿಯಲ್ಲಿ ದೀಪ ಹಿಡಿದು ಹುಡುಕಬೇಕಾಯಿತು. ಕೋಟೆಯೊಳಗೆ 929 ಫಿರಂಗಿಗಳು, ಒಂದು ಲಕ್ಷಕ್ಕೆ ಹತ್ತಿರ ಬಂದೂಕು ಸಿಕ್ಕಿದವು. ಹುಲಿ ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ಕತ್ತಿಗಳು ಹಡಗು ಹತ್ತಿದವು. ಅದರಲ್ಲಿ ಒಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಸೆರೆಯಲ್ಲಿ ಬದುಕಿ ಉಳಿದ ಕ್ರೈಸ್ತರು ಘಟ್ಟ ಇಳಿದು ಬಂದರು, ಅತ್ತೂರಿನಲ್ಲಿ ಮತ್ತೆ ಇಗರ್ಜಿ ಎದ್ದಿತು.

ಅಚ್ಚಿನ ಕಥೆ ಮಾತ್ರ ಟಿಪ್ಪುವಿನ ಜೊತೆ ಸಾಯಲಿಲ್ಲ. ಗೆದ್ದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗೆ ಒಂದು ಪದಕ ಮಾಡಿಸಿತು. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ತಯಾರಾದ ಆ ಪದಕದ ಒಂದು ಮುಖದಲ್ಲಿ ಕೋಟೆಗೆ ನುಗ್ಗುವ ಚಿತ್ರ. ಇನ್ನೊಂದರಲ್ಲಿ ಬ್ರಿಟಿಷ್ ಸಿಂಹ ಟಿಪ್ಪುವಿನ ಹುಲಿಯನ್ನು ನೆಲಕ್ಕೆ ಕೆಡವಿದೆ. ಮೇಲೆ ಒಂದು ಬಾವುಟ ಹಾರುತ್ತಿದೆ. ಅದರಲ್ಲಿ ಬರೆದದ್ದು ಇಂಗ್ಲಿಷ್ ಅಲ್ಲ, ಅರಬ್ಬಿ: ಅಸದುಲ್ಲಾ ಅಲ್ ಗಾಲಿಬ್. ಟಿಪ್ಪುವಿನ ನಳಿಗೆಯ ಮೇಲಿದ್ದ ಅದೇ ಪದಗಳು. ಸಿಂಹ ಮಾತ್ರ ಈಗ ಕಂಪನಿಯದ್ದು.

ದೊಡ್ಡ ಅಧಿಕಾರಿಗಳಿಗೆ ಚಿನ್ನದ ಪದಕ, ಕೆಳಗಿನವರಿಗೆ ಬೆಳ್ಳಿ, ಇನ್ನೂ ಕೆಳಗೆ ಕಂಚು. ಸಿಪಾಯಿಗಳಿಗೆ ಸಿಕ್ಕಿದ್ದು ತವರದ್ದು.