ದೀಪಧಾರಿಣಿಯ ಲೆಕ್ಕದ ಪುಸ್ತಕ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಇರುಳಿನಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಗಳ ನಡುವೆ ಸಾಗುವ ಮಹಿಳೆಯ ಚಿತ್ರ. ಶಾಲೆಯ ಪಾಠಗಳಲ್ಲಿ ನಾವು ಓದಿದ್ದು ಈ ಚಿತ್ರವನ್ನೇ. ನರ್ಸಿಂಗ್ ವಿದ್ಯಾರ್ಥಿನಿಯರು ದೀಪ ಬೆಳಗಿಸಿ ಪ್ರತಿಜ್ಞೆ ಸ್ವೀಕರಿಸುವುದೂ ಇದೇ ನೆನಪಿನಲ್ಲಿ. ಆಕೆಯ ಜನ್ಮದಿನವಾದ ಮೇ 12ನ್ನು ಜಗತ್ತಿನಾದ್ಯಂತ ದಾದಿಯರ ದಿನವಾಗಿ ಆಚರಿಸಲಾಗುತ್ತದೆ.

ಆದರೆ 90 ವರ್ಷಗಳ ತುಂಬು ಜೀವನದಲ್ಲಿ ನೈಟಿಂಗೇಲ್ ಯುದ್ಧಕಾಲದ ಆಸ್ಪತ್ರೆಗಳಲ್ಲಿ ಕಳೆದದ್ದು ಎರಡು ವರ್ಷಕ್ಕೂ ಕಡಿಮೆ ಅವಧಿ. ಆ ಬಳಿಕದ ಹಲವು ದಶಕಗಳ ಕಾಲ ಅವರ ಕೈಯಲ್ಲಿದ್ದದ್ದು ಲೇಖನಿ ಮತ್ತು ಅಂಕಿ ಅಂಶಗಳ ಕೋಷ್ಟಕಗಳು. ಇಂದು ದೊಡ್ಡ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ನಮ್ಮ ಹೆಸರು, ವಯಸ್ಸು ಕೇಳಿ ಕಂಪ್ಯೂಟರಿಗೆ ಸೇರಿಸುವಾಗ, ವಾರ್ಡಿನಿಂದ ಬಿಡುಗಡೆಯಾಗುವ ದಿನ ಗುಣವಾಯಿತೋ ಇಲ್ಲವೋ ಎಂಬುದನ್ನು ದಾಖಲಿಸುವಾಗ, ಆ ಕೋಷ್ಟಕಗಳ ಹಿಂದಿದ್ದ ವಿಚಾರವೇ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಕಂಪ್ಯೂಟರ್ ಎಂಬ ಯಂತ್ರ ಹುಟ್ಟುವುದಕ್ಕೆ ಬಹಳ ಮೊದಲೇ ಆಸ್ಪತ್ರೆಗೆ ಯಾವ ಮಾಹಿತಿ ಬೇಕು, ಅದು ಯಾಕೆ ಬೇಕು ಎಂದು ಕೇಳಿದವರು ಅವರು.

ಗಣಿತ ಬಯಸಿದ ಬಾಲಕಿ

ನೈಟಿಂಗೇಲ್ ಜನಿಸಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಪ್ರವಾಸದಲ್ಲಿದ್ದ ಇಂಗ್ಲೆಂಡಿನ ಸಿರಿವಂತ ದಂಪತಿ ಮಗಳಿಗೆ ಆ ಊರಿನ ಹೆಸರನ್ನೇ ಇಟ್ಟರು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲಿಯೇ ಭಾಷೆ, ಇತಿಹಾಸ, ತತ್ವಶಾಸ್ತ್ರಗಳನ್ನು ಕಲಿಸಿದರು. ಕಿರಿಯ ಮಗಳಿಗೆ ಗಣಿತದ ಮೇಲೆ ವಿಶೇಷ ಒಲವು. ಶ್ರೀಮಂತರ ಮನೆಯ ಹೆಣ್ಣುಮಕ್ಕಳಿಗೆ ಮದುವೆ ಮತ್ತು ಅತಿಥಿ ಸತ್ಕಾರಗಳೇ ಜೀವನವೆಂದು ತಿಳಿದಿದ್ದ ಕಾಲವದು. ಈ ಒಲವು ಮನೆಯವರಿಗೆ ಹಿತವೆನಿಸಲಿಲ್ಲ. ರೋಗಿಗಳ ಶುಶ್ರೂಷೆಗೆ ಹೋಗುತ್ತೇನೆ ಎಂದು ಆಕೆ ಹೇಳಿದಾಗಲಂತೂ ಮನೆಯಲ್ಲಿ ಕೋಲಾಹಲವೇ ಎದ್ದಿತು. ಶುಶ್ರೂಷೆಯು ಗೌರವಸ್ಥ ಮನೆತನದವರು ಕೈಹಾಕುವ ಕೆಲಸವೆಂದು ಆಗ ಯಾರೂ ಭಾವಿಸಿರಲಿಲ್ಲ.

ವರ್ಷಗಟ್ಟಲೆ ನಡೆದ ಹಗ್ಗಜಗ್ಗಾಟದ ಬಳಿಕ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಸುಮಾರು ಮೂರು ತಿಂಗಳ ತರಬೇತಿ ದೊರೆಯಿತು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿದ್ದ ಮಹಿಳೆಯರ ಪುಟ್ಟ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಮರುವರ್ಷವೇ ಯುದ್ಧದ ಕರೆ ಬಂತು.

ಸ್ಕುಟಾರಿಯ ಚಳಿಗಾಲ

ರಷ್ಯಾದ ವಿರುದ್ಧ ಕ್ರಿಮಿಯಾ ಯುದ್ಧದಲ್ಲಿ ತೊಡಗಿದ್ದ ಬ್ರಿಟಿಷ್ ಸೇನೆಯ ಗಾಯಾಳುಗಳನ್ನು ಇಂದಿನ ಇಸ್ತಾನ್‌ಬುಲ್ ನಗರದ ಭಾಗವಾಗಿರುವ ಸ್ಕುಟಾರಿಗೆ ಹಡಗುಗಳಲ್ಲಿ ತರಲಾಗುತ್ತಿತ್ತು. ಅಲ್ಲಿನ ದುರವಸ್ಥೆಯ ವರದಿಗಳು ಪತ್ರಿಕೆಗಳಲ್ಲಿ ಬಂದು ಜನ ರೊಚ್ಚಿಗೆದ್ದರು. ಸಚಿವ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯಂತೆ 38 ದಾದಿಯರೊಡನೆ ಹೊರಟ ನೈಟಿಂಗೇಲ್ 1854ರ ನವೆಂಬರ್ ಮೊದಲ ವಾರದಲ್ಲಿ ಸ್ಕುಟಾರಿ ತಲುಪಿದರು.

ಅವರು ಕಂಡದ್ದು ಸೈನಿಕರ ಬ್ಯಾರಕ್ಕನ್ನು ಆಸ್ಪತ್ರೆಯಾಗಿ ಬದಲಿಸಿದ ಬೃಹತ್ ಕಟ್ಟಡ. ಅದರ ಅಡಿಯಲ್ಲಿ ಕಟ್ಟಿಕೊಂಡ ಚರಂಡಿಗಳು. ಗಾಳಿಯಾಡದ ಓಣಿಗಳಲ್ಲಿ ಸಾಲುಸಾಲು ರೋಗಿಗಳು. ಉಗ್ರಾಣದಲ್ಲಿ ಬಟ್ಟೆಬರೆ ಇದ್ದರೂ ಇಲಾಖೆಯಿಂದ ಇಲಾಖೆಗೆ ಕಾಗದ ಓಡಾಡಿ ಮುಗಿಯದೆ ಅದು ರೋಗಿಯ ಮೈಗೆ ಏರುತ್ತಿರಲಿಲ್ಲ. ವೈದ್ಯರದು ಒಂದು ಲೆಕ್ಕ, ಉಗ್ರಾಣದವರದು ಇನ್ನೊಂದು, ಅಡುಗೆಮನೆಯದು ಮತ್ತೊಂದು. ಸತ್ತವರ ಸಂಖ್ಯೆಯ ವಿಷಯದಲ್ಲಿಯೂ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಹೂಳಲ್ಪಟ್ಟವರ ಪೈಕಿ ಅನೇಕರ ಸಾವು ಎಲ್ಲಿಯೂ ಬರಹಕ್ಕೆ ಸಿಕ್ಕಿರಲಿಲ್ಲ.

1855ರ ಜನವರಿ ಒಂದೇ ತಿಂಗಳಲ್ಲಿ ಪೂರ್ವದ ಸೇನೆಯಲ್ಲಿ ಸತ್ತವರು 3,168 ಮಂದಿ ಎಂದು ನೈಟಿಂಗೇಲ್ ಅವರೇ ಮುಂದೆ ಸಿದ್ಧಪಡಿಸಿದ ಕೋಷ್ಟಕ ತೋರಿಸುತ್ತದೆ. ಅವರಲ್ಲಿ ಗಾಯಗಳಿಂದ ಸತ್ತವರು 83 ಮಂದಿ ಮಾತ್ರ. 2,761 ಮಂದಿಯನ್ನು ಬಲಿ ತೆಗೆದುಕೊಂಡದ್ದು ಕಾಲರಾ, ಆಮಶಂಕೆ, ಜ್ವರಗಳಂತಹ ತಡೆಯಬಹುದಾಗಿದ್ದ ರೋಗಗಳು. ಫೆಬ್ರವರಿಯಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿ ಮರಣ ಪ್ರಮಾಣ ಶೇ 42ಕ್ಕೆ ಏರಿತ್ತು. ಮಾರ್ಚ್‌ನಲ್ಲಿ ಲಂಡನ್ನಿನಿಂದ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ತೊಳೆಸಿ, ಗಾಳಿ ಬೆಳಕಿಗೆ ದಾರಿ ಮಾಡಿಸಿತು. ಜೂನ್ ವೇಳೆಗೆ ಆ ಪ್ರಮಾಣ ಶೇ 2ರ ಆಸುಪಾಸಿಗೆ ಇಳಿಯಿತು.

ತನ್ನದೇ ಆಸ್ಪತ್ರೆಯ ಮೇಲಿನ ತೀರ್ಪು

1856ರ ಆಗಸ್ಟ್‌ನಲ್ಲಿ ಸ್ವದೇಶಕ್ಕೆ ಮರಳಿದಾಗ ನೈಟಿಂಗೇಲ್ ಮನೆಮಾತಾಗಿದ್ದರು. ಸನ್ಮಾನ ಸಮಾರಂಭಗಳನ್ನು ದೂರವಿಟ್ಟು ಅವರು ಹುಡುಕಿಕೊಂಡು ಹೋದದ್ದು ಜನನ ಮರಣ ನೋಂದಣಿ ಕಚೇರಿಯ ಸಂಖ್ಯಾತಜ್ಞ ವಿಲಿಯಂ ಫಾರ್ ಅವರನ್ನು. ಅಷ್ಟೊಂದು ಸೈನಿಕರು ಸತ್ತದ್ದು ಯಾಕೆ ಎಂಬುದೊಂದೇ ಅವರನ್ನು ಕಾಡುತ್ತಿದ್ದ ಪ್ರಶ್ನೆ. ರಣರಂಗದಲ್ಲಿ ಹಸಿವು, ಚಳಿ, ಅತಿ ದುಡಿಮೆಗಳಿಂದ ಜರ್ಝರಿತರಾಗಿ, ಕೈಮೀರಿದ ಸ್ಥಿತಿಯಲ್ಲಿ ಸ್ಕುಟಾರಿಗೆ ಬಂದುದೇ ಕಾರಣವೆಂದು ಅವರು ಅಲ್ಲಿಯವರೆಗೆ ನಂಬಿದ್ದರು.

ಅಂಕಿಗಳು ಬೇರೆಯೇ ಮಾತು ಹೇಳಿದವು. ರಣರಂಗದ ಸಮೀಪವಿದ್ದ ಆಸ್ಪತ್ರೆಗಳ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದಾಗ ಸ್ಕುಟಾರಿಯ ಮರಣ ಪ್ರಮಾಣವೇ ಹೆಚ್ಚಾಗಿತ್ತು. ಕಟ್ಟಡದ ಕೊಳಕೇ ರೋಗಿಗಳನ್ನು ಕೊಂದಿತ್ತು. ತಾನು ಹಗಲಿರುಳು ಸೇವೆ ಸಲ್ಲಿಸಿದ ಆಸ್ಪತ್ರೆಯ ಕುರಿತಾದ ಇಂತಹ ತೀರ್ಪನ್ನು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. 1857ರಲ್ಲಿ ಅವರ ಆರೋಗ್ಯ ಕುಸಿದು ಬಿತ್ತು. ಮುಂದಿನ ಜೀವನದ ಬಹುಭಾಗವನ್ನು ಅವರು ಕೋಣೆಯೊಳಗೆ, ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು.

ಆದರೂ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. 1858ರಲ್ಲಿ ಸೇನೆಯ ಆರೋಗ್ಯ ಮತ್ತು ಆಸ್ಪತ್ರೆ ಆಡಳಿತದ ಬಗೆಗಿನ ಬೃಹತ್ ವರದಿಯನ್ನು ಸ್ವಂತ ಖರ್ಚಿನಲ್ಲಿ ಮುದ್ರಿಸಿ ಪ್ರಭಾವಿಗಳಿಗೆ ಹಂಚಿದರು. ಕೋಷ್ಟಕ ಓದುವ ತಾಳ್ಮೆಯಿಲ್ಲದವರಿಗಾಗಿ ತಿಂಗಳು ತಿಂಗಳ ಸಾವುಗಳನ್ನು ಹೂವಿನ ಎಸಳುಗಳಂತೆ ಕಾಣುವ ಬಣ್ಣದ ನಕ್ಷೆಯಾಗಿ ಬಿಡಿಸಿದರು. ತಡೆಯಬಹುದಾಗಿದ್ದ ರೋಗಗಳ ನೀಲಿ ಬಣ್ಣದ ಮುಂದೆ ಗಾಯಗಳ ಕೆಂಪು ಬಣ್ಣ ತೀರಾ ಚಿಕ್ಕದಾಗಿತ್ತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ಸದಸ್ಯರನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರು.

ಎಲ್ಲ ಆಸ್ಪತ್ರೆಗೂ ಒಂದೇ ನಮೂನೆ

ಸೇನೆಯಿಂದ ಅವರ ದೃಷ್ಟಿ ಲಂಡನ್ನಿನ ಸಾರ್ವಜನಿಕ ಆಸ್ಪತ್ರೆಗಳತ್ತ ಹೊರಳಿತು. ಅಲ್ಲಿಯೂ ಅದೇ ಕಥೆ. ಪ್ರತಿಯೊಂದು ಆಸ್ಪತ್ರೆಯೂ ಕಾಯಿಲೆಗಳನ್ನು ತನಗೆ ತೋಚಿದ ಹೆಸರಿನಲ್ಲಿ ಬರೆದಿಡುತ್ತಿತ್ತು. ಎಲ್ಲೆಡೆ ಕೇಳಿದರೂ ಒಂದನ್ನೊಂದು ಹೋಲಿಸಿ ನೋಡಲು ತಕ್ಕ ದಾಖಲೆ ಸಿಗುವುದೇ ಅಪರೂಪವೆಂದು ಅವರು ಬೇಸರಪಟ್ಟರು.

ಫಾರ್ ಅವರ ನೆರವಿನಿಂದ ಅವರು ರೂಪಿಸಿದ ನಮೂನೆ ಸರಳವಾಗಿತ್ತು. ವರ್ಷದ ಆರಂಭದಲ್ಲಿ ಆಸ್ಪತ್ರೆಯಲ್ಲಿದ್ದವರು ಎಷ್ಟು, ವರ್ಷದಲ್ಲಿ ದಾಖಲಾದವರು ಎಷ್ಟು, ಗುಣವಾಗಿ ಹೋದವರು, ಗುಣವಾಗದೆ ಹೋದವರು, ಸತ್ತವರು, ವರ್ಷದ ಕೊನೆಗೆ ಉಳಿದವರು ಎಷ್ಟು, ಸರಾಸರಿ ಎಷ್ಟು ದಿನ ಹಾಸಿಗೆಯಲ್ಲಿದ್ದರು. ಇವೆಲ್ಲವೂ ಕಾಯಿಲೆ, ವಯಸ್ಸು, ಲಿಂಗಗಳ ಪ್ರಕಾರ ಬೇರೆಬೇರೆಯಾಗಿ ನಮೂದಾಗಬೇಕು. ಎಲ್ಲ ಆಸ್ಪತ್ರೆಗಳೂ ಒಂದೇ ಪಟ್ಟಿಯ ರೋಗನಾಮಗಳನ್ನು ಬಳಸಬೇಕು. 1860ರ ಜುಲೈನಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನವು ಈ ಯೋಜನೆಯನ್ನು ಅನುಮೋದಿಸಿತು. ದಾನಿಗಳು ಕೊಟ್ಟ ಹಣದಿಂದ ರೋಗಿಗೆ ಹಿತವಾಯಿತೋ ಅಹಿತವಾಯಿತೋ ಎಂಬುದನ್ನೂ ಈ ಲೆಕ್ಕ ತೋರಿಸಿಕೊಡುತ್ತದೆ ಎಂಬುದು ಅವರ ವಾದವಾಗಿತ್ತು.

ಲಂಡನ್ನಿನ ಕೆಲವು ಆಸ್ಪತ್ರೆಗಳು ನಮೂನೆಯನ್ನು ಬಳಸಿ ನೋಡಿದವು. ಆದರೆ ಅದು ಬಹುಕಾಲ ನಡೆಯಲಿಲ್ಲ. ತುಂಬುವ ಕೆಲಸಕ್ಕೆ ಸಮಯವೂ ಹಣವೂ ಬೇಕಿತ್ತು. ರೋಗಗಳ ಪಟ್ಟಿಯ ಬಗ್ಗೆ ವೈದ್ಯರಲ್ಲಿ ಒಮ್ಮತವಿರಲಿಲ್ಲ. ಗುಮಾಸ್ತರು ಕೈಯಲ್ಲಿಯೇ ಎಣಿಸಿ ಕೂಡಿಸಬೇಕಾಗಿದ್ದ ಆ ಕಾಲಕ್ಕೆ ಅದು ಹೊರಲಾರದ ಹೊರೆಯಾಯಿತು.

ಎಡವಿದ ಲೆಕ್ಕ

ಅಂಕಿಗಳನ್ನು ನಂಬಿದ ನೈಟಿಂಗೇಲ್ ಅಂಕಿಗಳಿಂದಲೇ ಒಮ್ಮೆ ಎಡವಿದ್ದೂ ಉಂಟು. ಆಸ್ಪತ್ರೆಗಳ ಕುರಿತಾದ ತಮ್ಮ ಗ್ರಂಥದ 1863ರ ಆವೃತ್ತಿಯಲ್ಲಿ ಅವರು ಫಾರ್ ಸಿದ್ಧಪಡಿಸಿದ ಕೋಷ್ಟಕವೊಂದನ್ನು ಸೇರಿಸಿದರು. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇ 90ನ್ನು ಮೀರಿತ್ತು. ವರ್ಷವಿಡೀ ಸಂಭವಿಸಿದ ಸಾವುಗಳನ್ನು ಒಂದು ನಿರ್ದಿಷ್ಟ ದಿನ ಆಸ್ಪತ್ರೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರಿಂದ ಬಂದ ಫಲ ಅದು. ಒಂದೇ ಹಾಸಿಗೆಯಲ್ಲಿ ವರ್ಷಕ್ಕೆ ಹಲವು ರೋಗಿಗಳು ಬಂದು ಹೋಗುತ್ತಾರೆ. ಚಿಕಿತ್ಸೆ ಪಡೆದ ಎಲ್ಲರ ಸಂಖ್ಯೆಯಿಂದ ಭಾಗಿಸಬೇಕಿತ್ತು ಎಂದು ವೈದ್ಯರು ಪತ್ರಿಕೆಗಳಲ್ಲಿ ತರಾಟೆಗೆ ತೆಗೆದುಕೊಂಡರು. ಅವರ ಆಕ್ಷೇಪದಲ್ಲಿ ಹುರುಳಿತ್ತು. ದಾಖಲೆ ಇದ್ದ ಮಾತ್ರಕ್ಕೆ ಸತ್ಯ ಸಿಗದು, ಯಾವುದನ್ನು ಯಾವುದರೊಡನೆ ಹೋಲಿಸುತ್ತೇವೆ ಎಂಬುದೂ ಅಷ್ಟೇ ಮುಖ್ಯವೆಂದು ಈ ಪ್ರಸಂಗ ಇಂದಿಗೂ ಎಚ್ಚರಿಸುತ್ತದೆ.

ಹಲಸೂರು ಕೆರೆಯ ನೀರು

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೆ ಭಾರತದಲ್ಲಿನ ಸೇನೆಯ ಆರೋಗ್ಯ ಸ್ಥಿತಿಯನ್ನು ಅರಿಯಲು 1859ರಲ್ಲಿ ರಾಯಲ್ ಆಯೋಗ ನೇಮಕವಾದಾಗ, ಇಲ್ಲಿನ ದಂಡುಪ್ರದೇಶಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಲಂಡನ್ನಿನ ತಮ್ಮ ಕೋಣೆಯಲ್ಲಿ ಕುಳಿತು ಜಾಲಾಡಿದರು. ಬೆಂಗಳೂರು ದಂಡಿನ ಉತ್ತರವೂ ಅದರಲ್ಲಿತ್ತು. ಕುಡಿಯಲು ಬಳಸುತ್ತಿದ್ದ ಹಲಸೂರು ಕೆರೆಗೆ ಬಜಾರಿನ ಕೊಳಚೆಯೇ ಹರಿದು ಸೇರುತ್ತಿದ್ದುದನ್ನು ಅವರು ತಮ್ಮ ಟಿಪ್ಪಣಿಯಲ್ಲಿ ಎತ್ತಿ ತೋರಿಸಿದರು. ಭಾರತದಲ್ಲಿ ಬ್ರಿಟಿಷ್ ಸೈನಿಕರು ಪ್ರತಿ 1,000ಕ್ಕೆ 69ರಂತೆ ಸಾಯುತ್ತಿದ್ದಾರೆ ಎಂದು 1863ರ ಆ ವರದಿ ಹೇಳಿತು. ಹತ್ತು ವರ್ಷಗಳ ನಂತರ ಅದು 18ಕ್ಕೆ ಇಳಿದಿದೆಯೆಂದು ನೈಟಿಂಗೇಲ್ ದಾಖಲಿಸಿದರು. ಕ್ರಮೇಣ ಅವರ ಕಾಳಜಿ ಸೇನೆಯನ್ನು ದಾಟಿ ನಮ್ಮ ಹಳ್ಳಿಗಳ ಬರಗಾಲ, ನೀರಾವರಿ, ನೈರ್ಮಲ್ಯಗಳವರೆಗೆ ಹಬ್ಬಿತು.

ಕಾಗದದಿಂದ ಕಂಪ್ಯೂಟರಿಗೆ

ಕಾಯಿಲೆಗಳಿಗೆ ಜಗತ್ತಿಗೆಲ್ಲ ಒಂದೇ ಪಟ್ಟಿ ಬೇಕೆಂಬ ಫಾರ್ ಮತ್ತು ನೈಟಿಂಗೇಲ್ ಅವರ ಆಶಯ 1893ರಲ್ಲಿ ಫ್ರಾನ್ಸಿನ ಜಾಕ್ ಬರ್ತಿಯೋಂ ಮಂಡಿಸಿದ ಸಾವಿನ ಕಾರಣಗಳ ಪಟ್ಟಿಯಲ್ಲಿ ಮುಂದುವರಿಯಿತು. ಅದೇ ಬೆಳೆದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾಗಿದೆ. ಅದರ 11ನೇ ಪರಿಷ್ಕರಣೆ 2022ರ ಜನವರಿಯಿಂದ ಜಾರಿಗೆ ಬಂದಿದೆ. ಗುಮಾಸ್ತರ ಕೈಸೋಲಿಸಿದ ಎಣಿಕೆಯನ್ನು ಯಂತ್ರ ವಹಿಸಿಕೊಂಡದ್ದು 1890ರ ಅಮೆರಿಕದ ಜನಗಣತಿಯಲ್ಲಿ. 1960ರ ದಶಕದಲ್ಲಿ ಕಂಪ್ಯೂಟರುಗಳು ಆಸ್ಪತ್ರೆಯನ್ನು ಪ್ರವೇಶಿಸಿದವು.

ಇಂದು ಸುಸಜ್ಜಿತ ಆಸ್ಪತ್ರೆಯೊಂದರಲ್ಲಿ ರೋಗಿಗೆ ಒಂದು ಸಂಖ್ಯೆ ದೊರೆಯುತ್ತದೆ. ಹೊರರೋಗಿ ವಿಭಾಗ, ಪ್ರಯೋಗಾಲಯ, ಎಕ್ಸ್‌ರೇ, ರಕ್ತನಿಧಿ, ಶಸ್ತ್ರಚಿಕಿತ್ಸಾ ಕೊಠಡಿ, ಔಷಧ ವಿಭಾಗ, ಬಿಲ್ಲಿಂಗ್ ಎಲ್ಲವೂ ಆ ಸಂಖ್ಯೆಯ ಸುತ್ತ ಹೆಣೆದುಕೊಳ್ಳುತ್ತವೆ. ರಕ್ತಪರೀಕ್ಷೆಯ ಫಲಿತಾಂಶ ಚೀಟಿ ಹೊತ್ತು ಓಡುವವರನ್ನು ಕಾಯದೆ ವಾರ್ಡಿನ ಪರದೆಯ ಮೇಲೆ ಮೂಡುತ್ತದೆ. ರೋಗಿಗೆ ಒಗ್ಗದ ಔಷಧವನ್ನು ವೈದ್ಯರು ಬರೆದರೆ ಕಂಪ್ಯೂಟರ್ ಎಚ್ಚರಿಸಬಲ್ಲದು. ಉಗ್ರಾಣದಲ್ಲಿ ಏನಿದೆ ಎಂಬುದು ವಾರ್ಡಿಗೂ ತಿಳಿಯುತ್ತದೆ. ಸ್ಕುಟಾರಿಯಲ್ಲಿ ಇಲ್ಲದೇ ಹೋದದ್ದು ಇದೇ. ನಮ್ಮ ದೇಶದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ಇ-ಹಾಸ್ಪಿಟಲ್ ತಂತ್ರಾಂಶ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ಆರೋಗ್ಯ ಸಂಖ್ಯೆಯ ಮೂಲಕ ಒಂದು ಆಸ್ಪತ್ರೆಯ ದಾಖಲೆ ಮತ್ತೊಂದರಲ್ಲಿಯೂ ರೋಗಿಯ ಒಪ್ಪಿಗೆಯೊಂದಿಗೆ ದೊರೆಯುವಂತೆ ಮಾಡಹೊರಟಿದೆ.

ಆದರೆ 1860ರ ದಶಕದ ನಮೂನೆಯನ್ನು ಸೋಲಿಸಿದ ಅಡೆತಡೆಗಳು ಪೂರ್ತಿಯಾಗಿ ತೊಲಗಿಲ್ಲ. ಹತ್ತಾರು ರೋಗಿಗಳನ್ನು ನೋಡಬೇಕಾದ ದಾದಿ ಕಂಪ್ಯೂಟರಿನ ಮುಂದೆ ಕಳೆಯುವ ಹೊತ್ತು ರೋಗಿಯ ಪಾಲಿನದು. ಅವಸರದಲ್ಲಿ ತಪ್ಪಾಗಿ ತುಂಬಿದ ಮಾಹಿತಿಯನ್ನು ಯಂತ್ರ ಇನ್ನಷ್ಟು ವೇಗವಾಗಿ ಹರಡುತ್ತದೆ. ಬಿಲ್ ಮಾಡುವುದಕ್ಕಷ್ಟೇ ಬಳಕೆಯಾಗುವ ಕಂಪ್ಯೂಟರ್ ರೋಗಿ ಬದುಕಿದನೇ, ಯಾಕೆ ಬದುಕಲಿಲ್ಲ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಮನುಷ್ಯರೇ ಕೇಳಬೇಕು.

ಸರಳ ವಿದಾಯ

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತಮ್ಮ ಹೆಸರಿನ ನಿಧಿಯಿಂದ ಆರಂಭವಾದ ದಾದಿಯರ ಶಾಲೆಯ ಏಳಿಗೆಯನ್ನು ನೈಟಿಂಗೇಲ್ ಕಣ್ಣಾರೆ ಕಂಡರು. ಇಳಿವಯಸ್ಸಿನಲ್ಲಿ ದೃಷ್ಟಿ ಮಂಕಾಗಿ, ಅಂಕಿಗಳನ್ನು ಓದಿದ ಕಣ್ಣುಗಳು ಕತ್ತಲಾದವು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಿಧನರಾದಾಗ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ನೀಡಲು ಸರ್ಕಾರ ಮುಂದಾಯಿತು. ಬಂಧುಗಳು ಅದನ್ನು ನಯವಾಗಿ ನಿರಾಕರಿಸಿ ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ ಕುಟುಂಬದವರ ಬಳಿಯೇ ಅವರನ್ನು ಮಣ್ಣು ಮಾಡಿದರು.

ದೀಪ ಹಿಡಿದು ನಡೆದದ್ದು ಕರುಣೆಯ ಕೆಲಸ. ತಾನು ದುಡಿದ ಆಸ್ಪತ್ರೆಯಲ್ಲಿಯೇ ಜನ ಹೆಚ್ಚು ಸತ್ತರೆಂಬ ಲೆಕ್ಕವನ್ನು ಅಳಿಸದೆ ಲೋಕದ ಮುಂದಿಟ್ಟದ್ದು ಅದಕ್ಕಿಂತಲೂ ಕಠಿಣವಾದ ಕರ್ತವ್ಯ. ಆಸ್ಪತ್ರೆಗಳು ಕಂಪ್ಯೂಟರೀಕರಣಕ್ಕೆ ಕೋಟಿಗಟ್ಟಲೆ ರೂಪಾಯಿ ವ್ಯಯಿಸುತ್ತಿರುವ ಈ ದಿನಗಳಲ್ಲಿ ಯಂತ್ರಗಳ ಜೊತೆಗೆ ಆ ಎದೆಗಾರಿಕೆಯೂ ನಮ್ಮ ಆಸ್ಪತ್ರೆಗಳಿಗೆ ಬಂದರೆ, ಅದೇ ನೈಟಿಂಗೇಲ್ ಅವರಿಗೆ ಸಲ್ಲುವ ನಿಜವಾದ ಗೌರವ.