ಮೊದಲ ಪರವಾನಗಿ, ಕೈತಪ್ಪಿದ ಪದವಿ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರಗಳಲ್ಲಿ ತುಮಕೂರಿನ ಮನೆಗಳಲ್ಲಿ ನಡೆಯುವ ಚರ್ಚೆಗೆ ಈಚಿನ ವರ್ಷಗಳಲ್ಲಿ ಹೊಸ ವಿಷಯವೊಂದು ಸೇರಿಕೊಂಡಿದೆ. ಮೊದಲು ಮಾತು ಎಂಜಿನಿಯರಿಂಗ್, ವೈದ್ಯಕೀಯಗಳಲ್ಲೇ ಮುಗಿಯುತ್ತಿತ್ತು. ಈಗ ಮಗನೋ ಮಗಳೋ ಪೈಲಟ್ ಆಗುತ್ತೇನೆ ಎನ್ನುತ್ತಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಪ್ರದೇಶದಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿಯಲ್ಲಿ ಅದು ಉದ್ಘಾಟನೆಗೊಂಡ ಮೇಲೆ ಆಕಾಶವೆಂಬುದು ಈ ಜಿಲ್ಲೆಯ ಹುಡುಗರಿಗೆ ಅಷ್ಟೇನೂ ದೂರದ್ದಾಗಿ ಉಳಿದಿಲ್ಲ. ಆದರೆ ಹಾರಾಟದ ತರಬೇತಿಗೆ ಕೇಳುವ ಹಣ ಐವತ್ತು ಲಕ್ಷ ರೂಪಾಯಿಯನ್ನು ಸಲೀಸಾಗಿ ದಾಟುತ್ತದೆ. ತೆಂಗಿನ ತೋಟವನ್ನು ಅಡವಿಟ್ಟು ಹುಡುಗನನ್ನು ನೇರವಾಗಿ ಹಾರಾಟದ ಶಾಲೆಗೆ ಸೇರಿಸಬೇಕೇ, ಅಥವಾ ಊರಿನಲ್ಲೇ ಒಂದು ಪದವಿ ಮುಗಿಸಲಿ, ಆಮೇಲೆ ನೋಡೋಣ ಎನ್ನಬೇಕೇ ಎಂಬುದು ತಂದೆತಾಯಿಯ ಸಂಕಟ.

ಇಂಥ ಚರ್ಚೆಗಳಲ್ಲಿ ಯಾರಾದರೊಬ್ಬರು ಜೆ.ಆರ್.ಡಿ. ಟಾಟಾ ಅವರ ಹೆಸರನ್ನು ತಂದೇ ತರುತ್ತಾರೆ. ಭಾರತದ ಮೊದಲ ಪೈಲಟ್ ಪರವಾನಗಿ ಪಡೆದವರು, ಏರ್ ಇಂಡಿಯಾವನ್ನು ಕಟ್ಟಿದವರು, ಆದರೂ ಪದವಿ ಇರಲಿಲ್ಲ ಎಂಬಲ್ಲಿಗೆ ವಾದ ಮುಗಿಯುತ್ತದೆ. ವಾದದ ಪ್ರತಿಯೊಂದು ಅಂಶವೂ ನಿಜ. ಆದರೆ ಅವರ ಜೀವನವನ್ನು ಮೊದಲಿಂದ ಓದಿಕೊಂಡು ಬಂದರೆ ಅದು ಈ ತೀರ್ಮಾನಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಜನಿಸಿದ್ದು 1904ರ ಜುಲೈ 29ರಂದು, ಪ್ಯಾರಿಸ್ಸಿನಲ್ಲಿ. ತಂದೆ ಆರ್.ಡಿ. ಟಾಟಾ, ಜಮ್ಷೆಟ್‌ಜಿ ಟಾಟಾ ಅವರ ಬಂಧು ಹಾಗೂ ವ್ಯವಹಾರದಲ್ಲಿ ಪಾಲುದಾರ. ತಾಯಿ ಸುಜಾನ್ ಫ್ರೆಂಚ್ ಮಹಿಳೆ. ಉತ್ತರ ಫ್ರಾನ್ಸಿನ ಹಾರ್ಡೆಲೊ ಎಂಬ ಕಡಲತೀರದ ಊರಿನಲ್ಲಿ ಕುಟುಂಬದ ಬೇಸಿಗೆಯ ಮನೆಯಿತ್ತು. 1909ರಲ್ಲಿ ಮೊದಲ ಬಾರಿಗೆ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ದಾಟಿದ ಲೂಯಿ ಬ್ಲೇರಿಯೊ ಅವರ ಮನೆಯೂ ಅಲ್ಲೇ. ಕಡಲ ಮರಳಿನ ಮೇಲೆ ವಿಮಾನ ಇಳಿಯುವುದನ್ನು ಕಂಡು ಬೆಳೆದ ಬಾಲಕ ಹದಿನೈದನೆಯ ವಯಸ್ಸಿಗೆ ಒಂದು ಸಣ್ಣ ಹಾರಾಟದ ಸವಾರಿ ಮಾಡಿ, ತಾನೂ ವಿಮಾನ ನಡೆಸಬೇಕೆಂದು ನಿಶ್ಚಯಿಸಿಕೊಂಡ. ಆ ನಿಶ್ಚಯ ಕೈಗೂಡಲು ಹತ್ತು ವರ್ಷ ಕಾಯಬೇಕಾಯಿತು.

ಆ ಹತ್ತು ವರ್ಷಗಳ ನಡುವಿನದೇ ಪದವಿ ಕೈತಪ್ಪಿದ ಕಥೆ. ಫ್ರಾನ್ಸ್, ಜಪಾನ್, ಭಾರತಗಳ ನಡುವೆ ಓಡಾಡುತ್ತ ಶಾಲೆಯ ಓದು ಹರಿದು ಹಂಚಿಹೋಗಿತ್ತು. ಕೊನೆಗೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಬೇಕೆಂದು ಇಂಗ್ಲೆಂಡಿನಲ್ಲಿ ಸಿದ್ಧತೆ ನಡೆಸಿದರು. ಅಷ್ಟರಲ್ಲಿ ಫ್ರೆಂಚ್ ಪ್ರಜೆಯಾಗಿದ್ದ ಕಾರಣ ಕಡ್ಡಾಯ ಸೇನಾಸೇವೆಯ ಕರೆ ಬಂದಿತು. 1924ರಲ್ಲಿ ಸ್ಪಾಹಿ ಎಂಬ ಅಶ್ವದಳಕ್ಕೆ ಸೇರಿದರು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್‌ನ ಜನರಿಗೆ ಅಶ್ವದಳವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ವರ್ಷ ಮುಗಿದ ಮೇಲೆ ಇನ್ನೂ ಕೆಲವು ತಿಂಗಳು ಉಳಿದು, ಸೊಮ್ಯೂರ್ ಎಂಬಲ್ಲಿನ ಪ್ರಸಿದ್ಧ ಸವಾರಿ ಶಾಲೆಯಲ್ಲಿ ಕಲಿಯಬೇಕೆಂಬ ಆಸೆ ಯುವಕನಿಗಿತ್ತು. ತಂದೆ ಒಪ್ಪಲಿಲ್ಲ. ಅದಾದ ಸ್ವಲ್ಪ ಕಾಲದಲ್ಲೇ ಅವರಿದ್ದ ದಳ ಮೊರಾಕ್ಕೊ ಯುದ್ಧದಲ್ಲಿ ನಿರ್ನಾಮವಾಯಿತು. ತಂದೆಯ ಒಂದು ನಿರಾಕರಣೆ ಮಗನ ಪ್ರಾಣ ಉಳಿಸಿತು.

ಅದೇ ತಂದೆಯ ಇನ್ನೊಂದು ನಿರ್ಧಾರ ಮಗನ ಪದವಿಯನ್ನು ಕಿತ್ತುಕೊಂಡಿತು. ಕೇಂಬ್ರಿಜ್‌ಗೆ ಹೋಗುವ ಬದಲು ಬೊಂಬಾಯಿಗೆ ಬಂದು ಕೆಲಸ ಕಲಿ ಎಂಬ ಆಜ್ಞೆ ಬಂದಿತು. 1925ರ ಕೊನೆಯಲ್ಲಿ ಸಂಬಳವಿಲ್ಲದ ಅಭ್ಯಾಸಿಯಾಗಿ ಜೆ.ಆರ್.ಡಿ. ಟಾಟಾ ಕಚೇರಿಗೆ ಕಾಲಿಟ್ಟರು. ಮರುವರ್ಷವೇ ತಂದೆ ತೀರಿಕೊಂಡರು. ಇಪ್ಪತ್ತೆರಡರ ವಯಸ್ಸಿನಲ್ಲಿ ತಮ್ಮಂದಿರು, ಅಕ್ಕತಂಗಿಯರ ಹೊಣೆ ಹೆಗಲೇರಿತು. ಕೇಂಬ್ರಿಜ್ ಕನಸು ಅಲ್ಲಿಗೆ ಮುಗಿಯಿತು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಾಗಲಿಲ್ಲ ಎಂಬ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಪದವಿ ಅನಗತ್ಯವೆಂದು ಅವರ ಹೆಸರಿನಲ್ಲಿ ವಾದಿಸುವವರು ಇದನ್ನು ಏಕೋ ಮರೆತುಬಿಡುತ್ತಾರೆ. ಅವರು ಪದವಿಯನ್ನು ಬಿಟ್ಟವರಲ್ಲ, ಅದರಿಂದ ವಂಚಿತರಾದವರು.

ಬೊಂಬಾಯಿಯಲ್ಲಿ ಫ್ಲೈಯಿಂಗ್ ಕ್ಲಬ್ ಆರಂಭವಾದದ್ದೇ ತಡ, ಜೆ.ಆರ್.ಡಿ. ಅಲ್ಲಿಗೆ ಧಾವಿಸಿದರು. ಶಿಕ್ಷಕರ ಜೊತೆ ನಾಲ್ಕು ಗಂಟೆಗೂ ಕಡಿಮೆ ಹಾರಿ, ಒಬ್ಬರೇ ವಿಮಾನವೇರಿದರು. 1929ರ ಫೆಬ್ರುವರಿ 10ರಂದು ಅವರ ಕೈಗೆ ಬಂದ ಪರವಾನಗಿಯ ಸಂಖ್ಯೆ ಒಂದು. ಇಂದು ವಾಣಿಜ್ಯ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಹವಾಮಾನ, ದಿಕ್ಕು ನಿರ್ಣಯ, ವಾಯುಯಾನದ ಕಾನೂನು ಮೊದಲಾದ ವಿಷಯಗಳ ಪರೀಕ್ಷೆಗಳು ಬೇರೆ. ಅವರು ಪಡೆದದ್ದು ಹವ್ಯಾಸಿಯ ಪರವಾನಗಿ, ಹವ್ಯಾಸದ ಖರ್ಚು ಭರಿಸಲು ಮನೆತನದ ಸಂಪತ್ತಿತ್ತು.

ಅವರ ಜೀವನದಲ್ಲಿ ನಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ ಪ್ರಸಂಗ ನಡೆದದ್ದು ಮರುವರ್ಷ. ಇಂಗ್ಲೆಂಡ್ ಮತ್ತು ಭಾರತಗಳ ನಡುವೆ ಗೊತ್ತುಪಡಿಸಿದ ಅವಧಿಯೊಳಗೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡುಗಳ ಬಹುಮಾನ ಘೋಷಿಸಿದ್ದರು. ಕಣಕ್ಕಿಳಿದವರು ಮೂವರು. ಮನಮೋಹನ್ ಸಿಂಗ್ ಬ್ರಿಸ್ಟಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಜೊತೆಗೆ ಹಾರಾಟವನ್ನೂ ಕಲಿತವರು. ಆಸ್ಪಿ ಎಂಜಿನಿಯರ್ ಇನ್ನೂ ಹದಿನೇಳು ವರ್ಷದ ಹುಡುಗ; ಎಂಜಿನಿಯರ್ ಎಂಬುದು ಅವರ ಮನೆತನದ ಹೆಸರು, ವಿದ್ಯೆಯಲ್ಲ. ಮೂರನೆಯವರು ಜೆ.ಆರ್.ಡಿ. ಮನಮೋಹನ್ ಸಿಂಗ್ ಮೊದಲು ತಲುಪಿದರೂ ದಾರಿಯಲ್ಲಿ ಎದುರಾದ ತೊಂದರೆಗಳಿಂದ ಅವಧಿ ಮೀರಿಹೋಗಿತ್ತು, ಬಹುಮಾನ ದಕ್ಕಲಿಲ್ಲ. ಆಸ್ಪಿ ಇಂಗ್ಲೆಂಡಿನಿಂದ ಪೂರ್ವಕ್ಕೂ ಜೆ.ಆರ್.ಡಿ. ಕರಾಚಿಯಿಂದ ಪಶ್ಚಿಮಕ್ಕೂ ಹೊರಟು, ಈಜಿಪ್ಟಿನ ಅಬೂಕಿರ್ ನೆಲೆಯಲ್ಲಿ ಎದುರುಬದುರಾದರು. ಆಸ್ಪಿಯ ವಿಮಾನಕ್ಕೆ ಸ್ಪಾರ್ಕ್ ಪ್ಲಗ್‌ಗಳಿಲ್ಲದೆ ಅವರು ಅಲ್ಲೇ ಸಿಕ್ಕಿಕೊಂಡಿದ್ದರು. ಜೆ.ಆರ್.ಡಿ. ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ಕೊಟ್ಟು ಮುಂದೆ ಹಾರಿದರು. 1930ರ ಮೇ ತಿಂಗಳಲ್ಲಿ ಮುಗಿದ ಆ ಸ್ಪರ್ಧೆಯನ್ನು ಅವರು ಸ್ವಲ್ಪದರಲ್ಲೇ ಸೋತರು, ಗೆದ್ದವರು ಆಸ್ಪಿ.

ಆ ಮೂವರ ಮುಂದಿನ ದಾರಿಗಳನ್ನು ಗಮನಿಸಬೇಕು. ಗೆಲುವಿನ ಬಲದ ಮೇಲೆ ಆಸ್ಪಿ ಬ್ರಿಟಿಷ್ ವಾಯುಪಡೆಯ ಕ್ರಾನ್‌ವೆಲ್ ಕಾಲೇಜು ಸೇರಿದರು. ಅದು ಆ ಕಾಲದ ಅತ್ಯುತ್ತಮ ವಾಯುಯಾನ ಕಾಲೇಜು. ಅಲ್ಲಿಂದ ಭಾರತೀಯ ವಾಯುಪಡೆಗೆ ಬಂದು, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ, ಅಂದರೆ ಇಂದು ಗುಬ್ಬಿಯಲ್ಲಿ ಕಾರ್ಖಾನೆ ಹೂಡಿರುವ ಎಚ್‌ಎಎಲ್‌ನ ಪೂರ್ವಜ ಸಂಸ್ಥೆಯ, ವ್ಯವಸ್ಥಾಪಕ ನಿರ್ದೇಶಕರಾಗಿ, 1960ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು. ತಮ್ಮ ಸೋಲು ಆಸ್ಪಿಯ ವಾಯುಪಡೆ ಪ್ರವೇಶಕ್ಕೆ ನೆರವಾಯಿತೆಂಬ ಸಂತೋಷ ಜೆ.ಆರ್.ಡಿ. ಅವರಿಗೆ ಬಹುಕಾಲ ಇತ್ತು. ಪದವೀಧರ ಮನಮೋಹನ್ ಸಿಂಗ್ ಎರಡನೆಯ ಮಹಾಯುದ್ಧದಲ್ಲಿ ಜಲವಿಮಾನಗಳ ಪೈಲಟ್ ಆಗಿ, 1942ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನೀಯರು ನಡೆಸಿದ ದಾಳಿಯಲ್ಲಿ ಮಡಿದರು.

ಜೆ.ಆರ್.ಡಿ. ಅವರದು ಮೂರನೆಯ ದಾರಿ. ನೆವಿಲ್ ವಿನ್ಸೆಂಟ್ ಎಂಬ ಮಾಜಿ ವಾಯುಪಡೆ ಅಧಿಕಾರಿಯೊಡನೆ ಸೇರಿ ಅಂಚೆ ವಿಮಾನ ಸೇವೆಯನ್ನು ಆರಂಭಿಸಿದರು. 1932ರ ಅಕ್ಟೋಬರ್ 15ರಂದು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೊತ್ತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬೊಂಬಾಯಿಯ ಜುಹೂವಿಗೆ ಸ್ವತಃ ಹಾರಿ ಬಂದರು. ಅಹಮದಾಬಾದಿನಲ್ಲಿ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ. ಅಲ್ಲಿಂದ ಮುಂದೆ ಅಂಚೆಯನ್ನು ವಿನ್ಸೆಂಟ್ ಮದರಾಸಿಗೆ ಒಯ್ದರು. ರಾತ್ರಿಯ ತಂಗುದಾಣ ಬಳ್ಳಾರಿ. ಭಾರತದ ನಾಗರಿಕ ವಿಮಾನಯಾನ ತನ್ನ ಮೊದಲ ರಾತ್ರಿ ನಿದ್ದೆ ಮಾಡಿದ್ದು ನಮ್ಮ ಬಳ್ಳಾರಿಯಲ್ಲಿ ಎಂಬುದನ್ನು ಕನ್ನಡಿಗರು ಹೆಚ್ಚು ನೆನೆಯುವುದಿಲ್ಲ.

1938ರಲ್ಲಿ, ಮೂವತ್ತನಾಲ್ಕರ ವಯಸ್ಸಿಗೆ, ಅವರು ಟಾಟಾ ಸಮೂಹದ ಅಧ್ಯಕ್ಷರಾದರು. ಇಲ್ಲಿಂದ ಮುಂದಿನ ಅವರ ಬದುಕು ಪದವಿಯಿಲ್ಲದವರೊಬ್ಬರು ಪದವೀಧರರನ್ನು ಹುಡುಕಿ ತಂದು ಬೆಳೆಸಿದ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಡನೆ ಅವರ ನಂಟು ದೀರ್ಘವಾದದ್ದು. ಅಲ್ಲಿದ್ದ ಹೋಮಿ ಭಾಭಾ ಅವರ ಕೋರಿಕೆಗೆ ಬೆಂಬಲವಾಗಿ ನಿಂತದ್ದರಿಂದ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿತು, ಅದೂ ಮೊದಲು ಬೆಂಗಳೂರಿನಲ್ಲೇ. 1988ರಲ್ಲಿ ಅದೇ ಆವರಣದಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. 1948ರ ಜೂನ್‌ನಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಲಂಡನ್ನಿಗೆ ಹಾರಿತು. 1953ರಲ್ಲಿ ರಾಷ್ಟ್ರೀಕರಣವಾದರೂ 1978ರವರೆಗೆ ಅಧ್ಯಕ್ಷರಾಗಿ ಉಳಿದರು. ಆ ಸ್ಥಾನದಿಂದ ಅವರನ್ನು ತೆಗೆದುಹಾಕಿದ ರೀತಿ ದೇಶಕ್ಕೆ ಶೋಭೆ ತರುವಂಥದ್ದಾಗಿರಲಿಲ್ಲ. 2022ರಲ್ಲಿ ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಮರಳಿದಾಗ ಅದನ್ನು ನೋಡಲು ಅವರಿರಲಿಲ್ಲ; 1992ರಲ್ಲಿ ಭಾರತರತ್ನ ಪಡೆದು, 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡಿದ್ದರು.

ಈಗ ತುಮಕೂರಿನ ಮನೆಗೆ ಮರಳೋಣ. ವಿಮಾನ ಚಾಲನೆಯ ಪರವಾನಗಿಗೆ ಡಿಜಿಸಿಎ ಪದವಿಯನ್ನು ಕೇಳುವುದಿಲ್ಲ. ಬಹುಕಾಲದಿಂದ ಕೇಳುತ್ತ ಬಂದಿರುವುದು ಪಿಯುಸಿ ಮಟ್ಟದ ಭೌತಶಾಸ್ತ್ರ ಮತ್ತು ಗಣಿತ, ಹದಿನೆಂಟು ವರ್ಷ ವಯಸ್ಸು, ಕಟ್ಟುನಿಟ್ಟಾದ ವೈದ್ಯಕೀಯ ಅರ್ಹತೆ. ಏವಿಯೇಷನ್ ಕಾಲೇಜು ಎಂಬ ಫಲಕವಿದ್ದ ಮಾತ್ರಕ್ಕೆ ಅಲ್ಲಿ ವಿಮಾನ ನಡೆಸುವುದನ್ನು ಕಲಿಸುತ್ತಾರೆಂದಲ್ಲ. ಏವಿಯೇಷನ್ ಹೆಸರಿನ ಬಿಬಿಎ ಪದವಿ ವಿಮಾನ ನಿಲ್ದಾಣದ ಆಡಳಿತವನ್ನೂ, ಏರೋನಾಟಿಕಲ್ ಎಂಜಿನಿಯರಿಂಗ್ ವಿಮಾನದ ವಿನ್ಯಾಸವನ್ನೂ ಕಲಿಸುತ್ತವೆ. ಎರಡರಿಂದಲೂ ಪರವಾನಗಿ ದೊರೆಯದು. ಹಾರಾಟ ಕಲಿಸಬಲ್ಲದ್ದು ಡಿಜಿಸಿಎ ಮಾನ್ಯತೆಯ ತರಬೇತಿ ಸಂಸ್ಥೆ ಮಾತ್ರ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಅಂಥದ್ದು. ನಮ್ಮ ಜಕ್ಕೂರಿನ ಸರ್ಕಾರಿ ಶಾಲೆಗೆ ಸ್ವಾತಂತ್ರ್ಯದ ಬೆನ್ನಿಗೇ ಆರಂಭವಾದ ಹೆಮ್ಮೆಯಿದೆ. ಉಷಾ ಸುಂದರಂ ಎಂಬ ಮಹಿಳೆ 1949ರಲ್ಲೇ ಅಲ್ಲಿಂದ ಪೈಲಟ್ ಆಗಿ ಹೊರಬಂದರು.

ಮಗನಿಗೆ ಅಥವಾ ಮಗಳಿಗೆ ಮೊದಲು ಆಗಬೇಕಾದದ್ದು ಪ್ರವೇಶವಲ್ಲ, ವೈದ್ಯಕೀಯ ಪರೀಕ್ಷೆ. ಕಣ್ಣಿನ ಬಣ್ಣ ಗ್ರಹಿಕೆಯ ಒಂದು ದೋಷ ಲಕ್ಷಾಂತರ ರೂಪಾಯಿ ಕಟ್ಟಿದ ಮೇಲೆ ಗೊತ್ತಾಗುವುದಕ್ಕಿಂತ ದಾರುಣ ಬೇರೊಂದಿಲ್ಲ. ಪರವಾನಗಿ ಕೈಗೆ ಬಂದ ಮೇಲೂ ಆರೋಗ್ಯ ಕೆಟ್ಟರೆ ಅದು ಕಾಗದ ಮಾತ್ರ. ಕಂಪನಿ ಕೆಟ್ಟರೂ ಅಷ್ಟೆ. ಕುಣಿಗಲ್‌ನ ಕುದುರೆ ಫಾರಂ ಅನ್ನು 1992ರಲ್ಲಿ ಗುತ್ತಿಗೆಗೆ ಪಡೆದದ್ದು ವಿಜಯ್ ಮಲ್ಯ ಅವರ ಸಮೂಹ. ಅದೇ ಸಮೂಹದ ಕಿಂಗ್‌ಫಿಷರ್ ವಿಮಾನಗಳು 2012ರಲ್ಲಿ ನೆಲಕ್ಕಿಳಿದವು. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಅದೇ ಹಾದಿ ಹಿಡಿದವು. ಅಂಥ ದಿನಗಳಲ್ಲಿ ಸಾಲ ಹೊತ್ತ ಯುವ ಪೈಲಟ್‌ಗೆ ಟಾಟಾ ಕಚೇರಿಯ ಕುರ್ಚಿ ಕಾದಿರುವುದಿಲ್ಲ. ಬೇರೆ ಕೆಲಸ ಹುಡುಕಲು ಪದವಿಯಾದರೂ ಬೇಕು.

ಆದ್ದರಿಂದ ತೋಟವೊಂದೇ ಆಸ್ತಿಯಾಗಿರುವ ಮನೆಯವರು ಪದವಿಯನ್ನು ಮೊದಲು ಮುಗಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಮೂರ್ನಾಲ್ಕು ವರ್ಷ ತಡವಾಗುತ್ತದೆ, ನಿಜ. ವಿಮಾನ ಸಂಸ್ಥೆಗಳಲ್ಲಿ ಜ್ಯೇಷ್ಠತೆಗೆ ಬೆಲೆಯಿರುವುದರಿಂದ ಅದು ಸಣ್ಣ ನಷ್ಟವಲ್ಲ. ಸಾಲವಿಲ್ಲದೆ ಖರ್ಚು ಭರಿಸಬಲ್ಲವರು ನೇರವಾಗಿ ಹಾರಲಿ, ಪದವಿಯನ್ನು ದೂರಶಿಕ್ಷಣದಲ್ಲಿ ಜೊತೆಜೊತೆಗೇ ಪಡೆಯಲಿ. ಇನ್ನು ಆಸ್ಪಿಯ ದಾರಿಯನ್ನು ನಮ್ಮ ಊರುಗಳಲ್ಲಿ ಸಾಕಷ್ಟು ಜನ ಯೋಚಿಸುವುದೇ ಇಲ್ಲ. ಪಿಯುಸಿ ನಂತರ ಎನ್‌ಡಿಎ ಮೂಲಕ ಹೋದರೆ ಪದವಿಯೂ ಹಾರಾಟವೂ ಸರ್ಕಾರದ ಖರ್ಚಿನಲ್ಲೇ. ಪದವಿಯ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆ ಬರೆದು ದುಂಡಿಗಲ್ ಅಕಾಡೆಮಿಗೆ ಹೋಗುವ ದಾರಿಯೂ ತೆರೆದಿದೆ. ಅಲ್ಲಿ ಕೇಳುವುದು ಹಣವನ್ನಲ್ಲ, ಆದರೆ ಆಯ್ಕೆ ಕಠಿಣ, ಸೇವೆಯ ಕಟ್ಟುಪಾಡು ದೀರ್ಘ.

ಮೊದಲ ಅಂಚೆ ಹಾರಾಟಕ್ಕೆ ಐವತ್ತು ವರ್ಷ ತುಂಬಿದ 1982ರ ಅಕ್ಟೋಬರ್ 15ರಂದು ಎಪ್ಪತ್ತೆಂಟರ ಜೆ.ಆರ್.ಡಿ. ಹಳೆಯ ಲೆಪರ್ಡ್ ಮಾತ್ ವಿಮಾನವೊಂದನ್ನು ತಾವೇ ನಡೆಸಿಕೊಂಡು ಕರಾಚಿಯಿಂದ ಜುಹೂವಿಗೆ ಬಂದಿಳಿದರು. ಅಷ್ಟು ಹೊತ್ತಿಗೆ ವಿಶ್ವವಿದ್ಯಾಲಯಗಳು ಅವರಿಗೆ ಗೌರವ ಡಾಕ್ಟರೇಟ್‌ಗಳನ್ನು ನೀಡಿದ್ದವು. ಓದಿ ಪಡೆದ ಪದವಿ ಮಾತ್ರ ಒಂದೂ ಇರಲಿಲ್ಲ.