ಲೆಕ್ಕ ಕೇಳಿದ ಲೋಕಪ್ರತಿನಿಧಿ: ಡಾ. ರಾಮಮನೋಹರ ಲೋಹಿಯಾ

ಪ್ರಜಾಪ್ರಭುತ್ವದಲ್ಲಿ ಆಳುವವರಿಗೆ ಎಷ್ಟು ಸ್ಥಾನವುಂಟೋ ಆಳುವವರನ್ನು ಪ್ರಶ್ನಿಸುವವರಿಗೂ ಅಷ್ಟೇ ಸ್ಥಾನವುಂಟು. ಆದರೆ ನಮ್ಮಲ್ಲಿ ಮಂತ್ರಿಗಳಾದವರ ಚರಿತ್ರೆಯನ್ನು ಬರೆಯುವವರು ಹಲವರು. ಎದುರುಸಾಲಿನಲ್ಲಿ ಕುಳಿತು, ಒಂದು ದಿನವೂ ಅಧಿಕಾರವನ್ನು ಅನುಭವಿಸದೆ, ಮಾತಿನಿಂದಲೇ ದೇಶದ ಹಿತವನ್ನು ಕಾಯಲು ಹೆಣಗಿದವರ ಚರಿತ್ರೆಯನ್ನು ಬರೆಯುವವರು ಕೆಲವರು. ಅಂಥ ಎದುರುಸಾಲಿನ ಮಹನೀಯರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರ ಹೆಸರು ಮೊದಲು ನೆನಪಾಗುತ್ತದೆ. ಅವರು ಲೋಕಸಭೆಯಲ್ಲಿದ್ದುದು ಕೇವಲ ನಾಲ್ಕು ವರ್ಷಗಳಿಗೆ ತುಸು ಹೆಚ್ಚು ಕಾಲ. ಆ ಸ್ವಲ್ಪ ಕಾಲದಲ್ಲಿ ಅವರು ಎತ್ತಿದ ಒಂದು ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ರಾಮಮನೋಹರರು ಹುಟ್ಟಿದ್ದು 1910ನೆಯ ಇಸವಿ ಮಾರ್ಚ್ 23ರಂದು, ಉತ್ತರಪ್ರದೇಶದ ಅಂದಿನ ಫೈಜಾಬಾದ್ ಜಿಲ್ಲೆಗೆ ಸೇರಿದ್ದ ಅಕ್ಬರ್‌ಪುರದಲ್ಲಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತಂದೆ ಹೀರಾಲಾಲರು ಗಾಂಧೀಜಿಯವರ ಅನುಯಾಯಿಗಳು. ದೇಶಸೇವೆಯ ಹಂಬಲವು ಮಗನಿಗೆ ಬಂದುದು ಅವರಿಂದಲೇ. ಮುಂಬಯಿ, ಕಾಶಿ, ಕಲ್ಕತ್ತೆಗಳಲ್ಲಿ ವ್ಯಾಸಂಗ ಮಾಡಿ 1929ರಲ್ಲಿ ಪದವೀಧರರಾದರು. ಅನಂತರ ಉಚ್ಚಶಿಕ್ಷಣಕ್ಕಾಗಿ ಬರ್ಲಿನ್ನಿಗೆ ತೆರಳಿದರು. ಅಲ್ಲಿಯ ಪ್ರಸಿದ್ಧ ಅರ್ಥಶಾಸ್ತ್ರಜ್ಞ ವರ್ನರ್ ಸೊಂಬಾರ್ಟರನ್ನು ಕಂಡಾಗ ಅವರು ತಮಗೆ ಇಂಗ್ಲಿಷ್ ಬಾರದೆಂದು ತಿಳಿಸಲು, ಲೋಹಿಯಾ ಹಿಂದಿರುಗಿ ಮೂರು ತಿಂಗಳಲ್ಲಿ ಜರ್ಮನ್ ಭಾಷೆಯನ್ನು ಕಲಿತು ಮತ್ತೆ ಅವರ ಮುಂದೆ ನಿಂತರೆಂದು ಪ್ರತೀತಿಯಿದೆ. ಭಾರತದಲ್ಲಿ ಗಾಂಧೀಜಿ ಉಪ್ಪಿನ ಸತ್ಯಾಗ್ರಹವನ್ನು ನಡೆಸುತ್ತಿದ್ದ ದಿನಗಳವು. ತರುಣ ವಿದ್ಯಾರ್ಥಿಯು ತನ್ನ ಪ್ರೌಢಪ್ರಬಂಧಕ್ಕೆ ಆರಿಸಿಕೊಂಡ ವಿಷಯವೂ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹವೇ. 1933ರಲ್ಲಿ ಅವರು ಡಾಕ್ಟರ್ ಪದವಿಯೊಡನೆ ಸ್ವದೇಶಕ್ಕೆ ಮರಳಿದರು.

ಸಭೆಯಲ್ಲಿ ಎದ್ದುನಿಂತು ವಿರೋಧವನ್ನು ಸಾರುವ ಗುಣವು ಅವರಲ್ಲಿ ವಿದ್ಯಾರ್ಥಿದೆಸೆಯಿಂದಲೇ ಇದ್ದಿತು. 1930ರಲ್ಲಿ ಜಿನೀವಾ ನಗರದ ರಾಷ್ಟ್ರಸಂಘದ ಸಭೆಯಲ್ಲಿ ಬಿಕಾನೇರಿನ ಮಹಾರಾಜರು ಭಾರತದ ಪ್ರತಿನಿಧಿಯಾಗಿ ಮಾತನಾಡುತ್ತಿದ್ದಾಗ, ಪ್ರೇಕ್ಷಕರ ಸಾಲಿನಲ್ಲಿದ್ದ ಲೋಹಿಯಾ ಸಿಳ್ಳುಹಾಕಿ ಪ್ರತಿಭಟಿಸಿದರು. ಬ್ರಿಟಿಷರು ಕಳುಹಿಸಿದವರು ಭಾರತದ ಪ್ರತಿನಿಧಿಗಳಾಗಲಾರರೆಂಬುದೇ ಅದರ ಭಾವ. ಸಭಾಮರ್ಯಾದೆಯ ದೃಷ್ಟಿಯಿಂದ ಅದು ತಪ್ಪೆನಿಸಬಹುದು. ಆದರೆ ಮಾತನಾಡುವ ಹಕ್ಕಿಲ್ಲದ ಜನಾಂಗದ ಯುವಕನಿಗೆ ಅಂದು ದೊರೆತ ಭಾಷೆ ಅದೊಂದೇ ಆಗಿತ್ತು.

1934ರಲ್ಲಿ ಕಾಂಗ್ರೆಸ್ಸಿನೊಳಗೆ ಸಮಾಜವಾದಿ ಪಕ್ಷವು ರೂಪುಗೊಂಡಾಗ ಲೋಹಿಯಾ ಅದರ ಸ್ಥಾಪಕರಲ್ಲಿ ಒಬ್ಬರಾದರು. 1936ರಲ್ಲಿ ಜವಾಹರಲಾಲ ನೆಹರೂ ಅವರು ಕಾಂಗ್ರೆಸ್ಸಿನ ವಿದೇಶಾಂಗ ವಿಭಾಗವನ್ನು ಈ ಇಪ್ಪತ್ತಾರರ ಯುವಕನಿಗೆ ಒಪ್ಪಿಸಿದರು. ಮುಂದೆ ನೆಹರೂ ಅವರನ್ನು ಅತ್ಯಂತ ಕಟುವಾಗಿ ಟೀಕಿಸಿದವರು ಒಂದು ಕಾಲದಲ್ಲಿ ಅವರ ಆಪ್ತ ಸಹಕಾರಿಯಾಗಿದ್ದರೆಂಬುದನ್ನು ಮರೆಯಲಾಗದು. 1942ರ ಚಳವಳಿಯಲ್ಲಿ ಲೋಹಿಯಾ ಭೂಗತರಾಗಿ, ಉಷಾ ಮೆಹತಾ ಮೊದಲಾದವರು ನಡೆಸುತ್ತಿದ್ದ ಗುಪ್ತ ಆಕಾಶವಾಣಿಗೆ ಬೆಂಬಲವಾಗಿ ನಿಂತರು. 1944ರಲ್ಲಿ ಮುಂಬಯಿಯಲ್ಲಿ ಸೆರೆಸಿಕ್ಕಿ ಲಾಹೋರಿನ ಕೋಟೆಯಲ್ಲಿ ಚಿತ್ರಹಿಂಸೆಯನ್ನು ಅನುಭವಿಸಿದರು. 1946ರಲ್ಲಿ ಬಿಡುಗಡೆಯಾದ ಮೇಲೆ ದೇಹವು ವಿಶ್ರಾಂತಿಯನ್ನು ಬೇಡುತ್ತಿದ್ದರೂ, ಅದೇ ವರ್ಷದ ಜೂನ್ 18ರಂದು ಪೋರ್ಚುಗೀಸರ ಅಧೀನದಲ್ಲಿದ್ದ ಗೋವೆಯ ಮಡಗಾಂವಿನಲ್ಲಿ ನಿಷೇಧವನ್ನು ಧಿಕ್ಕರಿಸಿ ಸಾರ್ವಜನಿಕ ಸಭೆಗೆ ಬಂದು ಬಂಧಿತರಾದರು. ಗೋವೆಯ ಜನರು ಆ ದಿನವನ್ನು ಕ್ರಾಂತಿದಿನವೆಂದು ಆಚರಿಸುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೂ ಅವರ ಸೆರೆವಾಸ ನಿಲ್ಲಲಿಲ್ಲ. ನಮ್ಮ ನಾಡಿಗೂ ಅವರಿಗೂ ನಂಟು ಬೆಳೆದುದು ಈ ಕಾಲದಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ವಿವಾದದ ಮೂಲವು ಕೊಳಗ. ಗೇಣಿಯ ಭತ್ತವನ್ನು ಅಳೆಯಲು ಭೂಮಾಲಿಕರು ಬಳಸುತ್ತಿದ್ದ ಕೊಳಗವು ನಿಯಮಿತ ಅಳತೆಗಿಂತ ದೊಡ್ಡದೆಂಬುದು ಬಡ ಒಕ್ಕಲುಗಳ ದೂರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಮುನ್ನಡೆಸಿದ ಆ ಹೋರಾಟಕ್ಕೆ ಲೋಹಿಯಾ ದೂರದಿಂದ ಬಂದು ಸೇರಿ ಬಂಧನಕ್ಕೊಳಗಾದರು. ಬಡವನ ಬಾಳು ಎಷ್ಟೋ ಸಲ ಅಳತೆಯ ಪಾತ್ರೆಯಲ್ಲಿಯೇ ಅಡಗಿರುತ್ತದೆಂಬುದು ಮಲೆನಾಡಿನ ಒಕ್ಕಲು ಬಲ್ಲ ಸತ್ಯ. ಹನ್ನೆರಡು ವರ್ಷಗಳ ಅನಂತರ ದೆಹಲಿಯ ಸಭಾಭವನದಲ್ಲಿ ಲೋಹಿಯಾ ಕೇಳಿದ ಪ್ರಶ್ನೆಯೂ ಅಳತೆಯನ್ನು ಕುರಿತದ್ದೇ ಆಗಿತ್ತು.

ಅದಕ್ಕೆ ಮೊದಲು ಎರಡು ಸಂಗತಿಗಳನ್ನು ಹೇಳಬೇಕು. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಟ್ಟಂ ತಾಣು ಪಿಳ್ಳೆಯವರ ನೇತೃತ್ವದ ಪ್ರಜಾ ಸಮಾಜವಾದಿ ಸರ್ಕಾರವು ಜನರ ಮೇಲೆ ಗೋಲಿಬಾರು ಮಾಡಿಸಿತು. ಲೋಹಿಯಾ ಆಗ ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿಗಳು. ಸೆರೆಮನೆಯಲ್ಲಿದ್ದುಕೊಂಡೇ ಅವರು ತಮ್ಮ ಪಕ್ಷದ ಸರ್ಕಾರವೇ ರಾಜೀನಾಮೆ ಕೊಡಬೇಕೆಂದು ಆಗ್ರಹಪಡಿಸಿದರು. ಪರರ ಸರ್ಕಾರಕ್ಕೆ ಒಂದು ನ್ಯಾಯ, ನಮ್ಮ ಸರ್ಕಾರಕ್ಕೆ ಇನ್ನೊಂದು ನ್ಯಾಯ ಎಂಬುದನ್ನು ಅವರು ಒಪ್ಪಲಿಲ್ಲ. ಕಡೆಗೆ ಪಕ್ಷವೇ ಒಡೆಯಿತು. ಎರಡನೆಯದಾಗಿ, ಅದೇ ವರ್ಷ ಉತ್ತರಪ್ರದೇಶದಲ್ಲಿ ನೀರಾವರಿ ಕರವನ್ನು ಹೆಚ್ಚಿಸಿದಾಗ, ಹೆಚ್ಚಿಸಿದ ಕರವನ್ನು ಕೊಡಬೇಡಿರೆಂದು ರೈತರಿಗೆ ಭಾಷಣಗಳಲ್ಲಿ ಕರೆಕೊಟ್ಟುದಕ್ಕಾಗಿ ಅವರನ್ನು ಬಂಧಿಸಲಾಯಿತು. ಆ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಭಾಷಣಕ್ಕೂ ಶಾಂತಿಭಂಗಕ್ಕೂ ನಿಕಟವಾದ ಸಂಬಂಧವಿಲ್ಲದಿದ್ದರೆ ಭಾಷಣವನ್ನು ಅಪರಾಧವೆನ್ನಲಾಗದೆಂದು 1960ರಲ್ಲಿ ತೀರ್ಪಾಯಿತು. ಭಾರತದಲ್ಲಿ ವಾಕ್‌ಸ್ವಾತಂತ್ರ್ಯದ ನ್ಯಾಯವನ್ನು ಅಭ್ಯಸಿಸುವವರು ಈ ತೀರ್ಪನ್ನು ಓದದೆ ಮುಂದೆ ಸಾಗುವಂತಿಲ್ಲ. ಆ ಮೊಕದ್ದಮೆಗೆ ಸಂಬಂಧಿಸಿದ ಫತೇಗಢದ ಸೆರೆಮನೆಯಿರುವುದು ಫರೂಕಾಬಾದ್ ಜಿಲ್ಲೆಯಲ್ಲಿ. ಕಾಲಚಕ್ರ ತಿರುಗಿ, ಆ ಫರೂಕಾಬಾದಿನ ಜನರೇ ಅವರನ್ನು ಲೋಕಸಭೆಗೆ ಕಳುಹಿಸಿದರು.

1962ರ ಮಹಾಚುನಾವಣೆಯಲ್ಲಿ ಲೋಹಿಯಾ ಫೂಲ್‌ಪುರ ಕ್ಷೇತ್ರದಲ್ಲಿ ಸಾಕ್ಷಾತ್ ಪ್ರಧಾನಮಂತ್ರಿಗಳ ಎದುರಿಗೇ ನಿಂತು ಸೋತಿದ್ದರು. ಅದೇ ವರ್ಷದ ಕೊನೆಗೆ ಚೀನಾದೊಡನೆ ಯುದ್ಧವಾಗಿ ದೇಶದ ಮನಸ್ಸು ಕದಡಿತು. 1963ರ ಮೇ ತಿಂಗಳ ಉಪಚುನಾವಣೆಗಳಲ್ಲಿ ಫರೂಕಾಬಾದಿನಿಂದ ಲೋಹಿಯಾ, ಅಮ್ರೋಹಾದಿಂದ ಆಚಾರ್ಯ ಕೃಪಲಾನಿ, ರಾಜಕೋಟೆಯಿಂದ ಮೀನೂ ಮಸಾನಿ ಆಯ್ಕೆಯಾಗಿ ಬಂದರು. ಆಗಸ್ಟ್ ತಿಂಗಳಲ್ಲಿ ಕೃಪಲಾನಿಯವರು ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಲೋಕಸಭೆಯ ಇತಿಹಾಸದಲ್ಲಿ ಚರ್ಚೆಗೆ ಬಂದ ಮೊಟ್ಟಮೊದಲನೆಯ ಅವಿಶ್ವಾಸ ನಿರ್ಣಯ ಅದು. ಸದನಕ್ಕೆ ಹೊಸಬರಾದ ಲೋಹಿಯಾ ಆ ಚರ್ಚೆಯಲ್ಲಿ ಹಿಂದಿಯಲ್ಲಿ ಮಾತನಾಡಿದರು.

ಅವರು ಮುಂದಿಟ್ಟ ಲೆಕ್ಕ ಸರಳವಾದುದು. ದೇಶದ ನೂರರಲ್ಲಿ ಅರವತ್ತು ಮಂದಿ, ಎಂದರೆ ಸುಮಾರು 27 ಕೋಟಿ ಜನರು, ದಿನಕ್ಕೆ ತಲೆಗೆ ಮೂರಾಣೆಯಲ್ಲಿ ಜೀವಿಸುತ್ತಿದ್ದಾರೆ. ಪ್ರಧಾನಮಂತ್ರಿಗಳೊಬ್ಬರ ಸಲುವಾಗಿ ದಿನಕ್ಕೆ 25,000 ರೂಪಾಯಿ ವೆಚ್ಚವಾಗುತ್ತಿದೆ ಎಂಬುದು ಅವರ ಆಪಾದನೆ. ಹೊಸ ನಾಣ್ಯಪದ್ಧತಿ 1957ರಲ್ಲಿಯೇ ಬಂದಿದ್ದರೂ ಜನರ ಬಾಯಲ್ಲಿ ಆಣೆಯೇ ಉಳಿದಿತ್ತು. ಹದಿನಾರಾಣೆಗೆ ಒಂದು ರೂಪಾಯಿಯಾದ್ದರಿಂದ ಮೂರಾಣೆಯೆಂದರೆ ಸುಮಾರು 19 ನಯೇಪೈಸೆ. ಸರ್ಕಾರದ ಕಡೆಯವರು ಇದನ್ನು ಅಲ್ಲಗಳೆದು, ಯೋಜನಾ ಆಯೋಗದ ಲೆಕ್ಕದಂತೆ ತಲಾ ವರಮಾನ ದಿನಕ್ಕೆ ಹದಿನೈದಾಣೆಯೆಂದರು. ಸಂಗತಿಯು ಅಲ್ಲಿಗೆ ಮುಗಿಯಲಿಲ್ಲ. ಸೆಪ್ಟೆಂಬರಿನಲ್ಲಿ ಇದೊಂದೇ ವಿಷಯವನ್ನು ಕುರಿತು ಸದನದಲ್ಲಿ ಪ್ರತ್ಯೇಕ ಚರ್ಚೆ ನಡೆಯಿತು.

ಹದಿನೈದಾಣೆ ಸುಳ್ಳೇ ಎಂದರೆ ಸುಳ್ಳಲ್ಲ, ಅದು ಸರಾಸರಿ. ಲಕ್ಷಾಧೀಶ್ವರನನ್ನೂ ಕೂಲಿಯವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಇಬ್ಬರಿಗೂ ಸಮನಾಗಿ ಹಂಚಿ ನೋಡಿದರೆ ಬರುವ ಅಂಕಿ. ನೂರು ಮಂದಿಯಲ್ಲಿ ಅರವತ್ತು ಮಂದಿಗೆ ದೊರೆಯುವುದೆಷ್ಟು ಎಂಬುದು ಲೋಹಿಯಾ ಅವರ ಪ್ರಶ್ನೆ. ಚರ್ಚೆ ಬೆಳೆದಂತೆ, ಕೆಳಗಿನ ಅರವತ್ತು ಮಂದಿಗೆ ಲೆಕ್ಕಹಾಕಿದರೆ ಏಳೂವರೆ ಆಣೆಯಾಗುತ್ತದೆಂಬ ಅಂಕಿಯು ಸರ್ಕಾರದ ಪಕ್ಷದಿಂದಲೇ ಹೊರಬಂದಿತು. ಮೂರಾಣೆಯೆಂಬುದು ನಿಖರವಾದ ಅಂಕಿಯಾಗಿರಲಾರದು. ಅದನ್ನು ಕುರಿತು ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಹದಿನೈದು ಏಳೂವರೆಯಾದದ್ದು ಪ್ರಶ್ನೆಯ ಫಲ.

ಓದುಗರು ಒಂದು ಸಣ್ಣ ಗಣಿತವನ್ನು ಮಾಡಿನೋಡಬಹುದು. 1962ರಲ್ಲಿ ಯೋಜನಾ ಆಯೋಗದ ಆಶ್ರಯದಲ್ಲಿ ಕೂಡಿದ ತಜ್ಞರ ಗುಂಪು, ಒಬ್ಬ ಮನುಷ್ಯನು ಕನಿಷ್ಠಪಕ್ಷ ಬದುಕಲು ತಿಂಗಳಿಗೆ 20 ರೂಪಾಯಿ ಬೇಕೆಂದು ಗೊತ್ತುಮಾಡಿತ್ತು. ಇದನ್ನು ದಿನಕ್ಕೆ ಹಂಚಿದರೆ ಹತ್ತೂವರೆ ಆಣೆಗಿಂತ ಸ್ವಲ್ಪ ಹೆಚ್ಚಾಗುತ್ತದೆ. ದಿನಕ್ಕೆ ಏಳೂವರೆ ಆಣೆಯೆಂದರೆ ತಿಂಗಳಿಗೆ 14 ರೂಪಾಯಿ ಒಂದಾಣೆ. ಮೂರಾಣೆಯ ಮಾತನ್ನು ಬದಿಗಿಟ್ಟು ಸರ್ಕಾರದ ಅಂಕಿಯನ್ನೇ ಸ್ವೀಕರಿಸಿದರೂ, ಆ ಅರವತ್ತು ಮಂದಿಯ ಸರಾಸರಿ ಗಳಿಕೆಯು ತಜ್ಞರು ಹೇಳಿದ ಕನಿಷ್ಠ ಮಟ್ಟವನ್ನು ಮುಟ್ಟಲಿಲ್ಲ. ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ನಿರ್ಣಯದ ಪರವಾಗಿ 62 ಮತಗಳೂ ವಿರುದ್ಧವಾಗಿ 347 ಮತಗಳೂ ಬಂದವು. ಮತಗಳ ಎಣಿಕೆಯಲ್ಲಿ ಲೋಹಿಯಾ ಪಕ್ಷವು ಸೋತಿತು. ಆದರೆ ಅಂದಿನಿಂದ ರಾಷ್ಟ್ರೀಯ ವರಮಾನ ಎಷ್ಟು ಬೆಳೆಯಿತೆಂಬುದರ ಜೊತೆಗೆ, ಅದು ಯಾರ ಕೈಸೇರಿತೆಂಬ ಪ್ರಶ್ನೆಯೂ ಸಾರ್ವಜನಿಕ ಚರ್ಚೆಯ ವಸ್ತುವಾಯಿತು. ವರಮಾನದ ಹಂಚಿಕೆಯನ್ನು ಪರಿಶೀಲಿಸಲು ನೇಮಕವಾಗಿದ್ದ ಮಹಲನೋಬಿಸ್ ಸಮಿತಿಯ ವರದಿಯ ಮೊದಲ ಭಾಗವು 1964ರಲ್ಲಿ ಹೊರಬಂದಿತು. 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ಎಂಬ ವಿದ್ವಾಂಸರು ಭಾರತದ ಬಡತನವನ್ನು ಅಳೆದು ಗ್ರಂಥವನ್ನು ಪ್ರಕಟಿಸಿದರು. ಬಡತನದ ರೇಖೆಯೆಂಬ ಮಾತು ಇಂದು ಶಾಲಾಬಾಲಕರಿಗೂ ಪರಿಚಿತ. ಇದೆಲ್ಲವೂ ಒಬ್ಬರ ಭಾಷಣದ ಫಲವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ವಿದ್ವಾಂಸರ ಕೋಣೆಯಲ್ಲಿದ್ದ ಅಂಕಿಗಳನ್ನು ಬಡವರ ಬಾಯಿಗೆ ತಂದುಕೊಟ್ಟವರು ಲೋಹಿಯಾ ಎಂಬುದರಲ್ಲಿ ಸಂದೇಹವಿಲ್ಲ.

1965ರಲ್ಲಿ ಲೋಕಸಭೆಯ ಸದಸ್ಯರಾಗಿದ್ದಾಗಲೇ ಅವರನ್ನು ಪಾಟ್ನಾದಲ್ಲಿ ಭಾರತ ರಕ್ಷಣಾ ನಿಯಮಗಳ ಮೇರೆಗೆ ಬಂಧಿಸಲಾಯಿತು. ನಿಯಮದಲ್ಲಿದ್ದ ಮಾತು ಸಾರ್ವಜನಿಕ ಸುವ್ಯವಸ್ಥೆಯೆಂದು. ಜಿಲ್ಲಾಧಿಕಾರಿಯು ಆಜ್ಞೆಯಲ್ಲಿ ಬರೆದದ್ದು ಕಾನೂನು ಮತ್ತು ಶಿಸ್ತು ಎಂದು. ಎರಡರ ಅರ್ಥವೂ ಒಂದೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿ ಅವರನ್ನು ಬಿಡುಗಡೆ ಮಾಡಿತು. ಶಬ್ದಾರ್ಥವಿಚಾರವು ಪಂಡಿತರ ಕಾಲಕ್ಷೇಪವೆಂದು ನಗುವವರುಂಟು. ಒಂದು ಶಬ್ದದ ಅರ್ಥದ ಮೇಲೆ ಒಬ್ಬ ಪ್ರಜೆಯ ಸ್ವಾತಂತ್ರ್ಯವು ನಿಂತಿತ್ತೆಂಬುದನ್ನು ಭಾಷಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ತಿಳಿಸಿಹೇಳಬಹುದು.

ಭಾಷೆಯ ವಿಷಯದಲ್ಲಿ ಲೋಹಿಯಾ ಅವರ ನಿಲುವನ್ನು ಹಲವರು ತಪ್ಪಾಗಿ ತಿಳಿದರು. ಅವರು ವಿರೋಧಿಸಿದ್ದು ಆಡಳಿತದಲ್ಲಿ ಇಂಗ್ಲಿಷಿನ ಪ್ರಭುತ್ವವನ್ನು. ಬಯಸಿದ್ದು ಜನರ ವ್ಯವಹಾರ ಜನರ ನುಡಿಯಲ್ಲಿಯೇ ನಡೆಯಬೇಕೆಂಬುದನ್ನು. ಇದರ ಸೊಗಸಾದ ಫಲವೊಂದು ಕನ್ನಡಿಗರಿಗೆ ದೊರೆಯಿತು. 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಹಿಯಾ ಅವರ ಪಕ್ಷದ ಸದಸ್ಯರಾಗಿ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವರೆಡ್ಡಿಯವರು ಅದಕ್ಕೆ ಅನುಮತಿಯಿತ್ತರು. ಆ ಸಭೆಯಲ್ಲಿ ಕನ್ನಡವು ಕೇಳಿಬಂದದ್ದು ಅದೇ ಮೊದಲು. ಮುಂದೆ ಪಟೇಲರು ನಮ್ಮ ರಾಜ್ಯದ ಮುಖ್ಯಮಂತ್ರಿಗಳಾದುದು ಎಲ್ಲರಿಗೂ ತಿಳಿದಿದೆ.

ಲೋಹಿಯಾ ಅವರಲ್ಲಿ ದೋಷಗಳಿರಲಿಲ್ಲವೆಂದು ಹೇಳುವುದು ಅವರಿಗೇ ಒಪ್ಪಿಗೆಯಾಗದ ಮಾತು. ಅವರ ನುಡಿ ಎಷ್ಟೋ ವೇಳೆ ಹದ ಮೀರಿ ಕಟುವಾಗುತ್ತಿತ್ತು. ಸಹಕಾರಿಗಳೊಡನೆ ಬಹುಕಾಲ ಹೊಂದಿಕೊಂಡು ಹೋಗುವುದು ಅವರಿಗೆ ಕಷ್ಟವಾಗಿತ್ತು. ಕಾಂಗ್ರೆಸ್ಸನ್ನು ಸೋಲಿಸಲು ಭಿನ್ನ ಮತಗಳ ಪಕ್ಷಗಳೆಲ್ಲ ಒಂದಾಗಬೇಕೆಂಬ ಅವರ ತಂತ್ರದಿಂದ 1967ರಲ್ಲಿ ಹಲವು ರಾಜ್ಯಗಳಲ್ಲಿ ಹುಟ್ಟಿದ ಸಂಯುಕ್ತ ಸರ್ಕಾರಗಳು ಬಾಳಿದ್ದು ಅಲ್ಪಕಾಲ. ಆದರೆ ಅವರ ಕಾಠಿಣ್ಯವು ಸ್ವಾರ್ಥದಿಂದ ಹುಟ್ಟಿದುದಲ್ಲ. ಅವರು ಸಂಸಾರ ಕಟ್ಟಲಿಲ್ಲ, ಆಸ್ತಿಯನ್ನು ಗಳಿಸಲಿಲ್ಲ, ಮಂತ್ರಿಪದವಿಯನ್ನು ಅನುಭವಿಸಲಿಲ್ಲ. ಅನ್ಯರ ವೆಚ್ಚದ ಲೆಕ್ಕವನ್ನು ಕೇಳಿದವರ ಕೈಯಲ್ಲಿ ತಮ್ಮದೆನ್ನುವುದು ಏನೂ ಇರಲಿಲ್ಲ.

1967ರ ಮಹಾಚುನಾವಣೆಯಲ್ಲಿ ಅವರು ಕನೌಜ್ ಕ್ಷೇತ್ರದಿಂದ ಐನೂರಕ್ಕಿಂತ ಕಡಮೆ ಮತಗಳ ಅಂತರದಲ್ಲಿ ಗೆದ್ದು ಮತ್ತೆ ಲೋಕಸಭೆಗೆ ಬಂದರು. ಆದರೆ ಆಯುಷ್ಯ ಮುಗಿಯುತ್ತ ಬಂದಿತ್ತು. ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಚೇತರಿಸಿಕೊಳ್ಳದೆ, ಅಕ್ಟೋಬರ್ 12ರಂದು ಐವತ್ತೇಳರ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು. ಆ ಆಸ್ಪತ್ರೆಗೆ ಅನಂತರ ಅವರ ಹೆಸರನ್ನೇ ಇಡಲಾಯಿತು.

ಲೆಕ್ಕ ಕೇಳುವುದು ಅಗೌರವವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಿರಿಯರನ್ನು ಪ್ರಶ್ನಿಸಬಾರದು, ಕೊಟ್ಟುದನ್ನು ಎಣಿಸಬಾರದು ಎನ್ನುತ್ತೇವೆ. ಲೋಹಿಯಾ ಅವರ ಜೀವಿತವು ಇದಕ್ಕೆ ಉತ್ತರ. ಸಾರ್ವಜನಿಕರ ಹಣದಿಂದ ನಡೆಯುವ ಯಾವ ಸಂಸ್ಥೆಯೇ ಆಗಲಿ, ಅದು ದೇಶದ ಸರ್ಕಾರವಾಗಲಿ, ದಾನಿಗಳ ಔದಾರ್ಯದಿಂದ ಬೆಳೆದ ವಿದ್ಯಾಸಂಸ್ಥೆಯಾಗಲಿ, ಲೆಕ್ಕ ಕೇಳಿದವನನ್ನು ಹಿತೈಷಿಯೆಂದು ತಿಳಿದರೆ ಉಳಿಯುತ್ತದೆ; ವೈರಿಯೆಂದು ತಿಳಿದರೆ ಕೆಡುತ್ತದೆ. ತರಗತಿಯಲ್ಲಿ ಹುಡುಗನೊಬ್ಬ ಎದ್ದುನಿಂತು ಉಪಾಧ್ಯಾಯರ ಲೆಕ್ಕ ಸರಿಯೇ ಎಂದು ವಿನಯದಿಂದ ಕೇಳಿದಾಗ ಅವನನ್ನು ಕುಳ್ಳಿರಿಸುವ ಮುನ್ನ ಹಲಗೆಯ ಕಡೆಗೆ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ನಾಳೆಯ ಲೋಕಪ್ರತಿನಿಧಿಗಳು ಬೆಳೆಯುವುದು ಅಂಥ ತರಗತಿಗಳಲ್ಲಿಯೇ.